ಬ್ರಾಂಜೈಟ್ ಮಣಿಯ ಹೊಳಪು ಎಲ್ಲಿಂದ ಬಂತು?

ಓದುಗರ ಪ್ರಶ್ನೆ: ಜಯನಗರದ ಅಂಗಡಿಯೊಂದರಲ್ಲಿ ಬ್ರಾಂಜೈಟ್ ಅಂತ ಹೇಳಿ ಕಂದು ಮಣಿಗಳ ಬ್ರೇಸ್‌ಲೆಟ್ ಕೊಟ್ಟರು. ತಿರುಗಿಸಿದರೆ ಕಂಚಿನ ಹಾಗೆ ಮಿಂಚುತ್ತದೆ. ಇದು ಬಣ್ಣ ಬಳಿದದ್ದಾ, ಇಲ್ಲಾ ಒಳಗೆ ಲೋಹ ಇದೆಯಾ?

ನಿಜವಾದ ಬ್ರಾಂಜೈಟ್ ಆಗಿದ್ದರೆ ಆ ಮಿಂಚು ಕಲ್ಲಿನದ್ದೇ. ತಾಮ್ರವಾಗಲಿ, ತವರವಾಗಲಿ ಅದರ ರಚನೆಯಲ್ಲಿ ಇಲ್ಲ. ಇರುವುದು ಮೆಗ್ನೀಸಿಯಮ್, ಕಬ್ಬಿಣ, ಸಿಲಿಕಾನ್ ಮತ್ತು ಆಮ್ಲಜನಕ.

ಬ್ರಾಂಜೈಟ್ ಪೈರಾಕ್ಸೀನ್ ಗುಂಪಿನ ಖನಿಜ. ಸಿಲಿಕಾನ್ ಮತ್ತು ಆಮ್ಲಜನಕ ಸೇರಿ ಉದ್ದುದ್ದ ಸರಪಳಿ ಕಟ್ಟುತ್ತವೆ. ಪಕ್ಕಪಕ್ಕದ ಸರಪಳಿಗಳನ್ನು ಹಿಡಿದಿಡುವುದು ಮೆಗ್ನೀಸಿಯಮ್ ಮತ್ತು ಕಬ್ಬಿಣ. ಈ ಎರಡರ ಕಣಗಳ ಗಾತ್ರ ಹೆಚ್ಚುಕಡಿಮೆ ಒಂದೇ, ಹಾಗಾಗಿ ಒಂದರ ಜಾಗದಲ್ಲಿ ಇನ್ನೊಂದು ಸುಲಭವಾಗಿ ಕೂರುತ್ತದೆ. ಬರೀ ಮೆಗ್ನೀಸಿಯಮ್ ಇದ್ದರೆ ಎನ್‌ಸ್ಟಟೈಟ್, ಅದು ಬಣ್ಣವೇ ಇಲ್ಲದ್ದು ಅಥವಾ ತೀರಾ ತೆಳು ಬಣ್ಣದ್ದು. 100 ಜಾಗಗಳಲ್ಲಿ ಸುಮಾರು 10ರಿಂದ 30 ಕಬ್ಬಿಣದ ಪಾಲಾದರೆ ಬ್ರಾಂಜೈಟ್. ಕಬ್ಬಿಣ ಇನ್ನೂ ಜಾಸ್ತಿಯಾದರೆ ಹೈಪರ್ಸ್ತೀನ್. ಖನಿಜ ವಿಜ್ಞಾನಿಗಳ ಅಂತರರಾಷ್ಟ್ರೀಯ ಸಂಘ 1988ರಲ್ಲಿ ಬ್ರಾಂಜೈಟ್, ಹೈಪರ್ಸ್ತೀನ್ ಎಂಬ ಹೆಸರುಗಳನ್ನು ಅಧಿಕೃತ ಪಟ್ಟಿಯಿಂದ ಕೈಬಿಟ್ಟಿತು. ಮಣಿ ವ್ಯಾಪಾರದಲ್ಲಿ ಮಾತ್ರ ಅವು ಹಾಗೇ ಉಳಿದಿವೆ.

ಈಗ ಹೊಳಪಿಗೆ ಬರೋಣ. ಹರಳಿನೊಳಗೆ ಕಬ್ಬಿಣದ ಆಕ್ಸೈಡಿನಂಥ ಖನಿಜಗಳ ಅತಿ ತೆಳುವಾದ ಬಿಲ್ಲೆಗಳಿರುತ್ತವೆ. ಕಲ್ಲು ನಿಧಾನವಾಗಿ ತಣ್ಣಗಾಗುವಾಗ ಇಲ್ಲವೇ ಆಮೇಲೆ ಬದಲಾಗುವಾಗ ಅವು ಹುಟ್ಟುತ್ತವೆ. ಎಲ್ಲವೂ ಒಂದೇ ದಿಕ್ಕಿಗೆ ಸಾಲಾಗಿ ಮಲಗಿರುತ್ತವೆ. ಸಂಜೆ ಬಿಸಿಲಿಗೆ ಅಪಾರ್ಟ್‌ಮೆಂಟಿನ ಕಿಟಕಿಗಳೆಲ್ಲ ಒಮ್ಮೆಗೇ ಮಿನುಗಿ, ನಾವು ನಾಲ್ಕು ಹೆಜ್ಜೆ ಸರಿದರೆ ಆರಿಹೋಗುತ್ತವಲ್ಲ, ಇಲ್ಲೂ ಹಾಗೇ. ಬಳಿದ ಬಣ್ಣ ಹೀಗೆ ಕೋನಕ್ಕೆ ತಕ್ಕಂತೆ ಹೊತ್ತಿ ಆರುವುದಿಲ್ಲ.

ಕಂದು ಮಣಿ ಅಂದರೆ ಟೈಗರ್ಸ್ ಐ (ಮಿಂಚುವ ಕಂದು ಕ್ವಾರ್ಟ್ಜ್ ಕಲ್ಲು) ಕೂಡ ಇರಬಹುದು ಅಲ್ವಾ? ಮನೆಯಲ್ಲೇ ನೋಡಬಹುದು. ಮೊದಲು ಬ್ರೇಸ್‌ಲೆಟ್ ತೂಕ ಮಾಡಿ. ಆಮೇಲೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ಬ್ರೇಸ್‌ಲೆಟ್ ಅನ್ನು ದಾರದಲ್ಲಿ ಕಟ್ಟಿ, ತಳಕ್ಕೆ ತಾಗದಂತೆ ಪೂರ್ತಿ ಮುಳುಗಿಸಿ. ಮೊದಲ ತೂಕವನ್ನು ಈಗ ಕಾಣುವ ಅಂಕಿಯಿಂದ ಭಾಗಿಸಿದರೆ, ಕಲ್ಲು ಅಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರ ಅಂತ ಗೊತ್ತಾಗುತ್ತದೆ. ಬ್ರಾಂಜೈಟ್ ಆದರೆ 3.3ರ ಆಸುಪಾಸು ಬರಬೇಕು, ಟೈಗರ್ಸ್ ಐ ಆದರೆ 2.65ರ ಹತ್ತಿರ. 33 ಗ್ರಾಂ ಬ್ರಾಂಜೈಟ್ ಮುಳುಗಿಸಿದರೆ ತಕ್ಕಡಿ ಸುಮಾರು 10 ಗ್ರಾಂ ತೋರಿಸುತ್ತದೆ. ಮಧ್ಯೆ ಲೋಹದ ಮಣಿ ಇದ್ದರೆ ಲೆಕ್ಕ ತಪ್ಪುತ್ತದೆ, ತೆಗೆದಿಡಿ.

ಇನ್ನೊಂದು ಮಾತು. 1ರಿಂದ 10ರವರೆಗಿನ ಮೋಸ್ ಮಾಪಕದಲ್ಲಿ ಬ್ರಾಂಜೈಟಿನ ಗಡಸುತನ 5ರಿಂದ 6, ರಸ್ತೆ ಧೂಳಿನಲ್ಲಿರುವ ಕ್ವಾರ್ಟ್ಜ್‌ನದು 7. ಒಣಬಟ್ಟೆಯಲ್ಲಿ ತಿಕ್ಕಿದರೆ ಆ ಧೂಳೇ ಮಣಿಗೆ ಗೀರು ಹಾಕುತ್ತದೆ. ಮೊದಲು ನೀರಲ್ಲಿ ತೊಳೆಯಿರಿ. ಇದನ್ನು ಹಾಕಿಕೊಂಡರೆ ಮೈಗೆ ಕಬ್ಬಿಣಾಂಶ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆ ಕಬ್ಬಿಣ ಹರಳಿನಲ್ಲಿ ಗಟ್ಟಿಯಾಗಿ ಸೇರಿಕೊಂಡಿದೆ, ಚರ್ಮಕ್ಕೆ ಇಳಿಯುವುದಿಲ್ಲ.

ಇದೇ ಜಾತಿಯ ಖನಿಜವನ್ನು ಬಂಡೆಯಲ್ಲೇ ನೋಡುವ ಆಸೆ ಇದ್ದರೆ ಲಾಲ್‌ಬಾಗ್ ಬಂಡೆಯಲ್ಲಿ ಹುಡುಕಬೇಡಿ, ಅದು ನೈಸ್ (gneiss) ಎಂಬ ಪಟ್ಟೆಪಟ್ಟೆಯ ಶಿಲೆ. ಕನಕಪುರದ ಕಡೆಯ ಕಬ್ಬಾಳದುರ್ಗಕ್ಕೆ ಹೋಗಿ. ಭೂವಿಜ್ಞಾನದ ಲೋಕದಲ್ಲಿ ಆ ಬೆಟ್ಟಕ್ಕೆ ದೊಡ್ಡ ಹೆಸರಿದೆ. ಅಲ್ಲಿ ಬೂದು ಬಣ್ಣದ ನೈಸ್ ನಡುವೆ ಎಣ್ಣೆ ಸವರಿದಂಥ ಕಪ್ಪು-ಹಸಿರು ಪಟ್ಟೆಗಳು ಕಾಣುತ್ತವೆ. ಅದೇ ಚಾರ್ನೊಕೈಟ್, ಪೈರಾಕ್ಸೀನ್ ಇರುವ ಶಿಲೆ. ಸುಮಾರು 250 ಕೋಟಿ ವರ್ಷಗಳ ಹಿಂದೆ, ನೆಲದ ಆಳದಲ್ಲಿ, ಬಿರುಕುಗಳ ಗುಂಟ ಇಂಗಾಲದ ಡೈಆಕ್ಸೈಡ್ ನುಗ್ಗಿ ನೀರಿನಂಶ ಕಡಿಮೆಯಾಯಿತು, ಆಗ ಕಪ್ಪು ಅಭ್ರಕ ಮತ್ತು ಹಾರ್ನ್‌ಬ್ಲೆಂಡ್ ಎಂಬ ನೀರಿನಂಶವಿರುವ ಖನಿಜಗಳು ಒಡೆದು ಪೈರಾಕ್ಸೀನ್ ಆಯಿತು ಅನ್ನುವುದು ಪ್ರಸಿದ್ಧ ವಿವರಣೆ. ಅಲ್ಲಿರುವುದು ಕಬ್ಬಿಣ ಜಾಸ್ತಿ ಇರುವ ಹೈಪರ್ಸ್ತೀನ್, ನಿಮ್ಮ ಮಣಿಯ ದಾಯಾದಿ. ಭೂತಗನ್ನಡಿ ಒಯ್ಯಿರಿ, ಸುತ್ತಿಗೆ ಬೇಡ.