ಹಳೆಯ ಹೈ-ಫೈ ಸ್ಪೀಕರ್ ಜೋಡಿ: ಗುರುತಿಸುವುದು, ಸರಿಪಡಿಸುವುದು (ಕೊಡಗಿನಲ್ಲಿ ಕಲಿಯುತ್ತಿರುವವರಿಗೆ ಟಿಪ್ಪಣಿ)

ಕೊಡಗಿನಲ್ಲಿ ಹಳೆಯ ಸ್ಪೀಕರ್ ಕೆಡುವುದು ಜೋರಾಗಿ ನುಡಿಸಿದ್ದಕ್ಕಿಂತ ಸುಮ್ಮನೆ ಇಟ್ಟಿದ್ದರಿಂದಲೇ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ ಫೋಮನ್ನು ಪುಡಿ ಮಾಡುತ್ತದೆ, ಕೋನಿಗೆ (ಅಲುಗಾಡಿ ಸದ್ದು ಹೊರಡಿಸುವ ಬಟ್ಟಲಿನಂಥ ಭಾಗ) ಬೂಷ್ಟು ಹಿಡಿಸುತ್ತದೆ, ಮ್ಯಾಗ್ನೆಟ್ಟಿನ ಸಂದಿನಲ್ಲಿ ತುಕ್ಕು ಕೂರಿಸುತ್ತದೆ, ಪೆಟ್ಟಿಗೆಯ ತಳ ಉಬ್ಬಿಸುತ್ತದೆ. ಹಾಗಾಗಿ "ಮೊದಲು ಕೆಪಾಸಿಟರ್ ಬದಲಿಸು" ಎಂಬ ಎಲ್ಲರ ಸಲಹೆ ಇಲ್ಲಿ ಅಷ್ಟಾಗಿ ಹೊಂದುವುದಿಲ್ಲ. ಇಲ್ಲಿ ನೋಡಬೇಕಾದ ಕ್ರಮ ಬೇರೆ: ಮೊದಲು ಸರೌಂಡ್ (ಕೋನಿನ ಅಂಚಿನ ಬಳೆ), ಆಮೇಲೆ ವಾಯ್ಸ್ ಕಾಯಿಲ್ (ಕೋನನ್ನು ಅಲುಗಾಡಿಸುವ ತಂತಿಸುರುಳಿ), ಆಮೇಲೆ ಪೆಟ್ಟಿಗೆ, ಕೊನೆಗೆ ಕ್ರಾಸ್‌ಓವರ್ (ದಪ್ಪ ದನಿ, ತಾರಕ ದನಿಗಳನ್ನು ಬೇರ್ಪಡಿಸಿ ಕಳಿಸುವ ಸರ್ಕಿಟ್). ಜೊತೆಗೊಂದು ನಿಯಮ ಇಡೀ ಕೆಲಸಕ್ಕೆ ಅನ್ವಯಿಸುತ್ತದೆ. ಇದು ಜೋಡಿ. ಒಂದಕ್ಕೆ ಮಾಡಿದ್ದನ್ನು ಇನ್ನೊಂದಕ್ಕೂ ಮಾಡದಿದ್ದರೆ ಎರಡು ಒಳ್ಳೆಯ ಸ್ಪೀಕರ್ ಸಿಗಬಹುದು, ಸ್ಟೀರಿಯೋ ಸಿಗುವುದಿಲ್ಲ.

ಯಾವ ಸ್ಪೀಕರ್ ಇದು?

ಮುಂದಿನ ಬಟ್ಟೆಯ ಮೇಲಿರುವ ಹೆಸರಿನ ಬಿಲ್ಲೆಯನ್ನು ನಂಬಬೇಡಿ. ಅದನ್ನು ಕಿತ್ತು ಬೇರೆ ಪೆಟ್ಟಿಗೆಗೆ ಅಂಟಿಸಲು ಎರಡು ನಿಮಿಷ ಸಾಕು. ಮರವೇ ಮೊದಲ ಸುಳಿವು ಕೊಡುತ್ತದೆ. 1960–70ರ ದಶಕದ ಬ್ರಿಟಿಷ್ ಕಾರ್ಖಾನೆಗಳು ಹೆಚ್ಚಾಗಿ ಪಾರ್ಟಿಕಲ್ ಬೋರ್ಡ್ ಮೇಲೆ ತೇಗ ಅಥವಾ ವಾಲ್‌ನಟ್ ವಿನಿಯರ್ (ಮರದ ತೆಳು ಹಾಳೆ) ಅಂಟಿಸುತ್ತಿದ್ದವು. ಗಟ್ಟಿ ಬೀಟೆ, ತೇಗದ ಹಲಗೆಯಲ್ಲಿ ಮಾಡಿದ ಭಾರದ ಪೆಟ್ಟಿಗೆ ಸಿಕ್ಕಿದರೆ ಅದು ಬಹುಪಾಲು ಊರಿನ ಬಡಗಿಯ ಕೆಲಸ. ಒಳಗಿನ ಡ್ರೈವರ್ (ಕೋನ್, ಕಾಯಿಲ್, ಮ್ಯಾಗ್ನೆಟ್ ಸೇರಿದ ಘಟಕ) ಮಾತ್ರ ಎಲ್ಲಿಂದಲೋ ಬಂದದ್ದು. ಅದರಿಂದ ಬೆಲೆ ಕಡಿಮೆಯಾಗಬಹುದು, ಆದರೆ ನಮ್ಮ ಹವೆಯಲ್ಲಿ ಆ ಪೆಟ್ಟಿಗೆಯೇ ಹೆಚ್ಚು ಬಾಳುತ್ತದೆ.

ನಿಜವಾದ ಗುರುತು ಡ್ರೈವರಿನ ಬೆನ್ನಿನ ಮೇಲಿರುತ್ತದೆ. ವೂಫರ್ (ದಪ್ಪ ದನಿಯ ಡ್ರೈವರ್) ಬಿಚ್ಚಿ ಮ್ಯಾಗ್ನೆಟ್ ಹಿಂದಿನ ಚೀಟಿ, ಮುದ್ರೆ ಓದಿ. 1961ರಲ್ಲಿ ಇಂಗ್ಲೆಂಡಿನ ಮೇಡ್‌ಸ್ಟೋನ್‌ನಲ್ಲಿ ಶುರುವಾದ ಕೆಇಎಫ್ ತನ್ನ ಡ್ರೈವರುಗಳಿಗೆ 'ಎಸ್‌ಪಿ' ಸಂಖ್ಯೆ ಕೊಡುತ್ತಿತ್ತು: ಬಿ110 ವೂಫರಿಗೆ ಎಸ್‌ಪಿ 1003, ಟಿ27 ಟ್ವೀಟರಿಗೆ (ತಾರಕ ದನಿಯ ಡ್ರೈವರ್) ಎಸ್‌ಪಿ 1032. ಈ ಎರಡೂ ಬಿಬಿಸಿಯ ಎಲ್‌ಎಸ್3/5ಎ ಪೆಟ್ಟಿಗೆಯಲ್ಲಿ ಬಳಕೆಯಾದವು. ರೋಜರ್ಸ್, ಸ್ಪೆಂಡರ್, ಹಾರ್ಬೆತ್ ಹೀಗೆ ಹಲವು ಕಂಪನಿಗಳು ಅದೇ ವಿನ್ಯಾಸವನ್ನು ಪರವಾನಗಿ ಪಡೆದು ತಯಾರಿಸಿದ್ದರಿಂದ, ಹೊರಗಿನ ಹೆಸರು ಬೇರೆಯಾದರೂ ಒಳಗಿನ ಸರಕು ಒಂದೇ ಆಗಿರಬಹುದು. ಎಲ್‌ಎಸ್3/5ಎ ಮೊದಲು 15 ಓಮ್, ಆಮೇಲೆ 11 ಓಮ್ ಆಯಿತು. ಒಂದು 15, ಇನ್ನೊಂದು 11 ಇದ್ದರೆ ಅದು ಜೋಡಿಯಲ್ಲ.

ಅಮೆರಿಕದ ಡ್ರೈವರುಗಳಲ್ಲಿ ತಯಾರಕರ ಸಂಕೇತ ಇರುತ್ತದೆ. ಮೊದಲ ಮೂರು ಅಂಕಿ ಕಂಪನಿ (137 ಸಿಟಿಎಸ್, 220 ಜೆನ್ಸನ್), ನಂತರದ ಒಂದೆರಡು ಅಂಕಿ ವರ್ಷ, ಕೊನೆಯ ಎರಡು ಅಂಕಿ ವಾರ. 220832 ಎಂದರೆ ಜೆನ್ಸನ್, 8ಕ್ಕೆ ಮುಗಿಯುವ ವರ್ಷದ 32ನೇ ವಾರ. ಅದು 1958ರದೋ 1968ರದೋ ಎಂಬುದನ್ನು ಮ್ಯಾಗ್ನೆಟ್ ಮತ್ತು ಸರೌಂಡ್ ನೋಡಿ ನಿರ್ಧರಿಸಬೇಕು. ಎರಡು ಪೆಟ್ಟಿಗೆಯ ಡ್ರೈವರುಗಳ ನಡುವೆ ಕೆಲವು ವಾರಗಳ ಅಂತರ ಸಹಜ. ಐದಾರು ವರ್ಷದ ಅಂತರವಿದ್ದರೆ ಒಂದನ್ನು ಯಾರೋ ಬದಲಿಸಿದ್ದಾರೆ.

ಸೆಲೆಸ್ಟಿಯನ್ ಡಿಟನ್ 15 ಬಿಚ್ಚಿದವರು ಒಂದು ಕಡೆ ಗಾಬರಿಯಾಗುತ್ತಾರೆ. ಒಂದು "ವೂಫರಿಗೆ" ತಂತಿಯೂ ಇಲ್ಲ, ಮ್ಯಾಗ್ನೆಟ್ಟೂ ಇಲ್ಲ! ಅದು ಕೆಟ್ಟದ್ದಲ್ಲ. ಪಕ್ಕದ ವೂಫರ್ ತಳ್ಳುವ ಗಾಳಿಗೆ ಅಲುಗಾಡಲೆಂದೇ ಇಟ್ಟ ಪ್ಯಾಸಿವ್ ಕೋನ್. ಅದರ ಜಾಗಕ್ಕೆ ನಿಜವಾದ ಡ್ರೈವರ್ ಕೂರಿಸಿದರೆ ಬೇಸ್ ಹಾಳಾಗುತ್ತದೆ.

ಬಿಚ್ಚುವ ಮೊದಲು

ಹಳೆಯ ಆಂಪ್ಲಿಫೈಯರ್ ಜೊತೆಗೇ ಬಂದಿದ್ದರೆ ಸ್ಪೀಕರ್ ಸಿಕ್ಕಿಸಬೇಡಿ. ಅದರ ಸ್ಪೀಕರ್ ಟರ್ಮಿನಲ್‌ನಲ್ಲಿ ಡಿಸಿ ವೋಲ್ಟೇಜ್ ಅಳೆಯಿರಿ. 50 ಮಿಲಿವೋಲ್ಟ್ ಒಳಗಿದ್ದರೆ ಸರಿ. 100 ದಾಟಿದರೆ ಮೊದಲು ರಿಪೇರಿ ಆಗಬೇಕಾದ್ದು ಆಂಪ್ಲಿಫೈಯರ್.

ಪೆಟ್ಟಿಗೆಯನ್ನು ಬೆನ್ನಡಿಯಾಗಿ ಮಲಗಿಸಿ, ಸ್ಕ್ರೂ ಬಿಚ್ಚಿ. ಉಕ್ಕಿನ ಸ್ಕ್ರೂಡ್ರೈವರನ್ನು ಕೋನಿನ ಹತ್ತಿರ ಸಡಿಲವಾಗಿ ಹಿಡಿದರೆ ಮ್ಯಾಗ್ನೆಟ್ ಅದನ್ನು ಎಳೆದುಕೊಂಡು ಕೋನಿಗೆ ತೂತು ಮಾಡುತ್ತದೆ. ಒಂದು ಕೈಯನ್ನು ಕೋನಿಗೆ ಅಡ್ಡ ಹಿಡಿಯುವುದು ರೂಢಿಯಾಗಲಿ. ತಂತಿ ಬಿಡಿಸುವ ಮೊದಲೇ ಫೋಟೋ ತೆಗೆಯಿರಿ. ಪೋರ್ಟ್ (ಗಾಳಿ ಆಡುವ ಕೊಳವೆ) ಇರುವ ಪೆಟ್ಟಿಗೆಯಾದರೆ ಅದರೊಳಗೆ ಟಾರ್ಚ್ ಬಿಡಿ. ಕಣಜ ಕಟ್ಟಿದ ಮಣ್ಣುಗೂಡು ಇಲ್ಲಿ ಸಾಮಾನ್ಯ, ಬೇಸ್ ಕಡಿಮೆಯಾಗಲು ಅದೊಂದೇ ಕಾರಣವಾಗಿರಬಹುದು. ಒಳಗಿನ ಹತ್ತಿ, ಉಣ್ಣೆ ಅಥವಾ ಗ್ಲಾಸ್‌ವೂಲ್ ತೆಗೆದಿಟ್ಟು, ಎರಡು ಪೆಟ್ಟಿಗೆಯದನ್ನೂ ತೂಗಿ ಬರೆದಿಡಿ. ಇಲಿ ಒಯ್ದಿದ್ದರೆ ಕಡಿಮೆ ಬಿದ್ದಷ್ಟನ್ನೇ ತುಂಬಿ. ಗ್ಲಾಸ್‌ವೂಲ್ ಮುಟ್ಟುವಾಗ ಮಾಸ್ಕ್, ಕೈಗವಸು ಬೇಕೇ ಬೇಕು.

ಮೀಟರ್ ಏನು ಹೇಳುತ್ತದೆ

ಡ್ರೈವರನ್ನು ಕ್ರಾಸ್‌ಓವರಿನಿಂದ ಬೇರ್ಪಡಿಸಿಯೇ ಅಳೆಯಬೇಕು. ಪೆಟ್ಟಿಗೆಯ ಹಿಂದಿನ ಟರ್ಮಿನಲ್‌ನಲ್ಲಿ ಅಳೆದರೆ ಸಾಮಾನ್ಯವಾಗಿ ವೂಫರ್ ಮಾತ್ರ ಕಾಣುತ್ತದೆ. ಟ್ವೀಟರಿಗೆ ಮುಂಚೆ ಕೆಪಾಸಿಟರ್ ಇರುವುದರಿಂದ ಡಿಸಿ ಅಲ್ಲಿಗೆ ಹೋಗುವುದೇ ಇಲ್ಲ.

8 ಓಮ್ ಡ್ರೈವರ್ 5.5ರಿಂದ 7, 4 ಓಮಿನದು 3ರಿಂದ 3.5, ಹಳೆಯ 15–16 ಓಮಿನದು ಸುಮಾರು 10ರಿಂದ 13 ಓಮ್ ತೋರಿಸುತ್ತದೆ. ಏನೂ ತೋರಿಸದಿದ್ದರೆ ಕಾಯಿಲ್ ಸುಟ್ಟಿದೆ ಎಂದು ತಕ್ಷಣ ತೀರ್ಮಾನಿಸಬೇಡಿ. ಕೋನಿನಿಂದ ಟರ್ಮಿನಲ್ಲಿಗೆ ಬರುವ ಹೆಣೆದ ತಂತಿ ತೇವಕ್ಕೆ ಹಸಿರುಗಟ್ಟಿ ಬೆಸುಗೆಯ ಬುಡದಲ್ಲೇ ತುಂಡಾಗಿರುತ್ತದೆ. ಇದು ಹತ್ತು ನಿಮಿಷದ ಕೆಲಸ. ಆದರೆ 8 ಓಮಿನ ಡ್ರೈವರ್ 2–3 ಓಮ್ ತೋರಿಸಿದರೆ ಕಾಯಿಲಿನ ಸುತ್ತುಗಳು ಒಳಗೊಳಗೇ ಕೂಡಿಕೊಂಡಿವೆ. ಅದಕ್ಕೆ ಹೊಸ ಕಾಯಿಲೇ ಗತಿ.

ಆಮೇಲೆ ಎರಡೂ ಕೈಯ ಬೆರಳುಗಳನ್ನು ಕೋನಿನ ಸುತ್ತ ಸಮನಾಗಿ ಇಟ್ಟು ಮೆಲ್ಲಗೆ ಒತ್ತಿ, ಬಿಡಿ. ಕರಕರ ಎಂದರೆ ಕಾಯಿಲ್ ಉಜ್ಜುತ್ತಿದೆ. ಕಾರಣ ಮೂರರಲ್ಲಿ ಒಂದು: ಕೋನ್ ಜೋತು ಬಿದ್ದಿದೆ, ಸಂದಿನಲ್ಲಿ ತುಕ್ಕು ಅಥವಾ ಕಸ ಸೇರಿದೆ, ಇಲ್ಲವೇ ಪೆಟ್ಟಿಗೆ ಬಿದ್ದು ಮ್ಯಾಗ್ನೆಟ್ ಜಾರಿದೆ. ಮೊದಲನೆಯದಕ್ಕೆ ಡ್ರೈವರನ್ನು 180 ಡಿಗ್ರಿ ತಿರುಗಿಸಿ ಕೂರಿಸಿದರೆ ಹಲವು ಸಲ ಸಾಕಾಗುತ್ತದೆ. ತುಕ್ಕಾದರೆ ಡಸ್ಟ್ ಕ್ಯಾಪ್ (ಕೋನಿನ ನಡುವಿನ ಮುಚ್ಚಳ) ತೆಗೆದು, ತೆಳು ರಟ್ಟಿನ ಪಟ್ಟಿಗೆ ಅಂಟು ಹೊರಮುಖವಾಗಿ ಬರುವಂತೆ ಟೇಪ್ ಸುತ್ತಿ ಕಾಯಿಲಿನ ಒಳಬದಿಯ ಸಂದಿನಲ್ಲಿ ಆಡಿಸಬಹುದು. ಹೊರಬದಿಯ ತುಕ್ಕು ಸ್ಪೈಡರ್ (ಕಾಯಿಲನ್ನು ನಡುವೆ ಹಿಡಿದಿಡುವ ಮಡಿಕೆಬಟ್ಟೆ) ಬಿಡಿಸದೆ ಸಿಗದು. ತುಕ್ಕು ಬಿಡಿಸುವ ಸ್ಪ್ರೇ ಅಥವಾ ಎಣ್ಣೆ ಹೊಡೆಯುವವರಿದ್ದಾರೆ, ದಯವಿಟ್ಟು ಬೇಡ. ಕಾಯಿಲಿನ ಅಂಟು ಸಡಿಲವಾಗಿ ಉಳಿದದ್ದೂ ಹೋಗುತ್ತದೆ. ಜಾರಿದ ಮ್ಯಾಗ್ನೆಟ್ ಮನೆಯಲ್ಲಿ ಸರಿಹೋಗುವ ಕೆಲಸವಲ್ಲ.

ಸರೌಂಡ್: ಯಾವುದನ್ನು ಮುಟ್ಟಬೇಕು, ಯಾವುದನ್ನು ಬಿಡಬೇಕು

ಕೋನಿನ ಅಂಚನ್ನು ಫ್ರೇಮಿಗೆ ಹಿಡಿದಿಡುವ ಬಳೆಯೇ ಸರೌಂಡ್. ಮಡಿಕೆಯ ಕಾಗದ, ಲೇಪ ಹಚ್ಚಿದ ಬಟ್ಟೆ, ರಬ್ಬರ್, ಫೋಮ್ ಎಂದು ನಾಲ್ಕು ಬಗೆ. ಮೊದಲ ಮೂರು ಹರಿಯದಿದ್ದರೆ ಹಾಗೇ ಬಿಡಿ. ಬಟ್ಟೆಯ ಮೇಲಿನ ಜಿಗುಟು ಲೇಪ ಕೊಳೆಯಲ್ಲ, ಗಾಳಿ ಸೋರದಂತೆ ಕಾರ್ಖಾನೆಯಲ್ಲೇ ಹಚ್ಚಿದ್ದು. ಅದನ್ನು ಒರೆಸಿ ತೆಗೆದವರು ಆಮೇಲೆ ಬೇಸ್ ಎಲ್ಲಿ ಹೋಯಿತೆಂದು ಹುಡುಕುತ್ತಾರೆ. ಫೋಮ್ ಮಾತ್ರ ಹೆಚ್ಚಾಗಿ ಹೋಗಿಯೇ ಇರುತ್ತದೆ. ಪಾಲಿಯೆಸ್ಟರ್ ಬಗೆಯ ಪಾಲಿಯುರೆಥೇನ್ ನೀರಿನ ಆವಿಯೊಂದಿಗೆ ರಾಸಾಯನಿಕವಾಗಿ ಒಡೆಯುತ್ತದೆ. ಪೆಟ್ಟಿಗೆ ಕಪಾಟಿನಲ್ಲಿ ಭದ್ರವಾಗಿತ್ತೆಂದು ಅದು ಉಳಿಯುವುದಿಲ್ಲ. ಬೆರಳು ಇಟ್ಟರೆ ಜಿಗುಟಾದರೆ, ಪುಡಿ ಬಿದ್ದರೆ, ಒಂದು ಕಡೆ ಮಾತ್ರ ಹರಿದಿದ್ದರೂ ಎರಡೂ ವೂಫರಿನದನ್ನು ಬದಲಿಸಬೇಕು.

ಹೊಸ ಫೋಮ್ ತರಿಸುವಾಗ "8 ಇಂಚು" ಎಂದಷ್ಟೇ ಹೇಳಿದರೆ ಸಾಲದು. ಕೋನಿನ ವ್ಯಾಸ, ಫೋಮಿನ ಉಬ್ಬಿದ ಭಾಗದ ಒಳ-ಹೊರ ವ್ಯಾಸ, ಫ್ರೇಮಿನಲ್ಲಿ ಅಂಟುವ ಜಾಗದ ಹೊರ ವ್ಯಾಸ, ಈ ನಾಲ್ಕನ್ನೂ ಮಿಲಿಮೀಟರಿನಲ್ಲಿ ಅಳೆಯಿರಿ. ಅಂಚು ಕೋನಿನ ಮೇಲೆ ಅಂಟಿತ್ತೋ ಕೆಳಗೋ ಎಂಬುದನ್ನೂ ಬರೆದುಕೊಳ್ಳಿ.

ಅಂಟಿಸುವ ಕೆಲಸಕ್ಕೆ ಕಾಲ ಮುಖ್ಯ. ಪುತ್ತರಿ ಕಳೆದ ಮೇಲೆ, ಹೂಮಳೆ ಬರುವ ಮೊದಲು, ಅಂದರೆ ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಮಾಡಿದರೆ ಲೇಸು. ಕಕ್ಕಡ ತಿಂಗಳಲ್ಲಿ (ಜುಲೈ–ಆಗಸ್ಟ್) ನೀರಿನ ಅಂಟು ದಿನಗಟ್ಟಲೆ ಹಸಿಯಾಗಿಯೇ ಇರುತ್ತದೆ, ಒಣಗಿದಂತೆ ಕಂಡರೂ ಒಳಗೆ ಕಚ್ಚಿರುವುದಿಲ್ಲ. ಕಾಗದದ ಕೋನಿಗೆ ಬಿಳಿ ಪಿವಿಎ ಅಂಟು ಒಳ್ಳೆಯದು, ನಿಧಾನವಾಗಿ ಹಿಡಿಯುವುದರಿಂದ ಸರಿಪಡಿಸಲು ಸಮಯ ಸಿಗುತ್ತದೆ. ಪಾಲಿಪ್ರೊಪಿಲೀನ್, ಬೆಕ್ಸ್‌ಟ್ರೀನ್‌ನಂಥ ಪ್ಲಾಸ್ಟಿಕ್ ಕೋನಿಗೆ ಅದು ಕಚ್ಚುವುದಿಲ್ಲ. ಅಲ್ಲಿ ಸ್ಪೀಕರ್ ದುರಸ್ತಿಗೆಂದೇ ಬರುವ ಅಂಟು ಬೇಕು, ಅದನ್ನೂ ಮೂಲೆಯಲ್ಲಿ ಒಂದು ಚುಕ್ಕಿ ಹಚ್ಚಿ ಪರೀಕ್ಷಿಸಿಯೇ ಬಳಸಿ.

ಹಳೆಯ ಫೋಮನ್ನೂ ಅಂಟನ್ನೂ ಮೊಂಡು ಚಾಕುವಿನಿಂದ ಕೆರೆದು, ಉಳಿದದ್ದನ್ನು ಐಸೊಪ್ರೊಪಿಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ. ಕೋನ್ ನೆನೆಯಬಾರದು. ಫ್ರೇಮಿನ ಮೇಲೆ ಹಳೆಯ ಅಂಟಿನ ದಿಬ್ಬ ಉಳಿದರೆ ಹೊಸ ಫೋಮ್ ಓರೆಯಾಗಿ ಕೂರುತ್ತದೆ, ಎಷ್ಟೇ ಹೊತ್ತಾದರೂ ಇದನ್ನು ಪೂರ್ತಿ ಮುಗಿಸಿ. ಮೊದಲು ಒಳ ಅಂಚನ್ನು ಮಾತ್ರ ಕೋನಿಗೆ ಅಂಟಿಸಿ 24 ಗಂಟೆ ಬಿಡಿ. ಹೊರ ಅಂಚು ಮರುದಿನ.

ಆ ಮರುದಿನದ್ದೇ ನಾಜೂಕಿನ ಹಂತ. ಕಾಯಿಲ್ ಸಂದಿನ ನಟ್ಟನಡುವೆ ನಿಲ್ಲಬೇಕು, ಇಕ್ಕೆಲದ ಜಾಗ ಮಿಲಿಮೀಟರಿನ ಕೆಲವೇ ಪಾಲು. ಎರಡು ದಾರಿಗಳಿವೆ. ಒಂದು, ಡಸ್ಟ್ ಕ್ಯಾಪನ್ನು ಅಂಟಿನ ಗೆರೆಗುಂಟ ಬ್ಲೇಡಿನಿಂದ ಮುಕ್ಕಾಲು ಸುತ್ತು ಕೊಯ್ದು ಮುಚ್ಚಳದಂತೆ ಎತ್ತಿ, ಹಳೆಯ ಎಕ್ಸ್‌ರೇ ಫಿಲ್ಮ್ ಅಥವಾ ಕ್ಯಾಮೆರಾ ಫಿಲ್ಮಿನ ನಾಲ್ಕು ಪಟ್ಟಿಗಳನ್ನು ಕಾಯಿಲಿಗೂ ನಡುವಿನ ಕಬ್ಬಿಣಕ್ಕೂ ನಡುವೆ ನಾಲ್ಕು ದಿಕ್ಕಿನಲ್ಲಿ ತೂರಿಸುವುದು. ಪಟ್ಟಿ ಬಿಗಿಯಾಗಿರಬೇಕು, ಬಲ ಹಾಕುವಷ್ಟಲ್ಲ. ದಪ್ಪ ಸಾಲದಿದ್ದರೆ ನಾಲ್ಕು ಕಡೆಗೂ ಒಂದೊಂದು ಪದರ ಕಾಗದ ಸೇರಿಸಿ. ಹೊರ ಅಂಚಿನ ಅಂಟು ಪೂರ್ತಿ ಒಣಗಿದ ಮೇಲೆ ಪಟ್ಟಿ ಎಳೆದು ಕ್ಯಾಪ್ ಅಂಟಿಸಿ. ಇನ್ನೊಂದು, ಕ್ಯಾಪ್ ಮುಟ್ಟದೆ, ಫೋನಿನ ಟೋನ್ ಆ್ಯಪಿನಿಂದ 20–30 ಹರ್ಟ್ಸ್ ಸದ್ದನ್ನು ಸಣ್ಣಗೆ ಕೊಟ್ಟು, ಕೋನ್ 2–3 ಮಿಲಿಮೀಟರ್ ಆಡುತ್ತಿರುವಾಗ ಹೊರ ಅಂಚನ್ನು ಸರಿಸುತ್ತ ಸರಿಸುತ್ತ ಉಜ್ಜುವ ಸದ್ದು ನಿಂತ ಕಡೆ ಒತ್ತಿ ಹಿಡಿಯುವುದು. ಎರಡನೆಯದು ಸುಲಭ, ಆದರೆ ಕಾಯಿಲ್ ಅಂಚಿಗೆ ತೀರ ಹತ್ತಿರ ನಿಂತಿದ್ದರೂ ಸದ್ದು ಕೇಳಿಸದಿರಬಹುದು. ಕಲಿಯುವಾಗ ಫಿಲ್ಮ್ ಪಟ್ಟಿಯ ದಾರಿಯೇ ಮೇಲು. ಇನ್ನೂ 24 ಗಂಟೆ ಕಾದು, ಮೊದಲ ದಿನ ಸಣ್ಣ ದನಿಯಲ್ಲಿ ಮಾತ್ರ ನುಡಿಸಿ.

ಕಾಗದದ ಕೋನಿಗೆ ಬೂಷ್ಟು ಹಿಡಿದಿದ್ದರೆ ಮನೆಯ ಹೊರಗೆ ಒಣ ಬ್ರಷ್‌ನಿಂದ ಉದುರಿಸಿ. ಕಲೆ ಉಳಿದರೆ ಉಳಿಯಲಿ, ಸದ್ದಿಗೆ ತೊಂದರೆಯಿಲ್ಲ.

ಕ್ರಾಸ್‌ಓವರ್

ಕ್ರಾಸ್‌ಓವರಿನ ತಂತಿಸುರುಳಿಗಳು (ಇವಕ್ಕೂ ಕಾಯಿಲ್ ಎಂದೇ ಹೆಸರು) ಕೆಡುವುದು ಅಪರೂಪ, ಅವುಗಳ ದಿಕ್ಕು ಕೂಡ ಬದಲಿಸಬೇಡಿ. ಕೆಡುವುದು ಧ್ರುವವಿಲ್ಲದ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್. ಒಂದು ಕಾಲು ಬಿಡಿಸಿ ಅಳೆಯಿರಿ. ಅದರ ಮೇಲೆ ಬರೆದ ಮೌಲ್ಯದ ಶೇ 10ರೊಳಗಿದ್ದು, ಒಳ ಪ್ರತಿರೋಧ 1 ಓಮಿಗಿಂತ ಕಡಿಮೆಯಿದ್ದರೆ ಇರಲಿ. ಬರೆದದ್ದಕ್ಕಿಂತ ತೀರ ಹೆಚ್ಚು ತೋರಿಸಿದರೆ ಒಳಗೆ ಸೋರಿಕೆ ಶುರುವಾಗಿರುವುದೇ ಹೆಚ್ಚು.

ಬದಲಿಗೆ ಏನು ಹಾಕುವುದು? 8 ಓಮ್ ಟ್ವೀಟರನ್ನು 3,000 ಹರ್ಟ್ಸ್‌ನಲ್ಲಿ ಒಂದೇ ಕೆಪಾಸಿಟರಿನಿಂದ ಬೇರ್ಪಡಿಸಲು ಬೇಕಾದದ್ದು ಸುಮಾರು 6.6 ಮೈಕ್ರೋಫ್ಯಾರಡ್. ಆಡಿಯೋ ಕೆಪಾಸಿಟರ್ ಮಡಿಕೇರಿ, ಗೋಣಿಕೊಪ್ಪದ ಎಲ್ಲ ಅಂಗಡಿಯಲ್ಲೂ ಸಿಗಲಾರದು, ಆದರೆ ಸೀಲಿಂಗ್ ಫ್ಯಾನಿನ ಕೆಪಾಸಿಟರ್ ಸಿಗುತ್ತದೆ. ಅದರ ಒಳಗಿರುವುದು 440 ವೋಲ್ಟ್ ಎಸಿ ತಡೆಯುವ ಪಾಲಿಪ್ರೊಪಿಲೀನ್ ಫಿಲ್ಮ್, ಈ ಕೆಲಸಕ್ಕೆ ಧಾರಾಳ. 2.5 ಮತ್ತು 4 ಮೈಕ್ರೋಫ್ಯಾರಡ್‌ನ ಎರಡನ್ನು ಪ್ಯಾರಲಲ್ ಕೂಡಿಸಿದರೆ 6.5. ನಾಲ್ಕಾರು ಕೊಂಡು ಅಳೆದು, ಎರಡೂ ಪೆಟ್ಟಿಗೆಗೆ ಸಮನಾಗುವಂತೆ ಜೋಡಿಸಿ. ಎರಡು ಪೆಟ್ಟಿಗೆಯ ನಡುವಿನ ಹೊಂದಾಣಿಕೆಗೆ ಮುದ್ರಿತ ಮೌಲ್ಯಕ್ಕಿಂತ ಹೆಚ್ಚು ತೂಕ ಕೊಡಿ. ಫಿಲ್ಮ್ ಹಾಕಿದ ಮೇಲೆ ಟ್ವೀಟರ್ ಚುಚ್ಚಿದಂತೆ ಕೇಳಿದರೆ ಸರಣಿಯಲ್ಲಿ 0.33 ಅಥವಾ 0.47 ಓಮ್, 5 ವ್ಯಾಟ್ ರೆಸಿಸ್ಟರ್ ಸೇರಿಸಿ. ಹಳೆಯ ಕೆಪಾಸಿಟರಿನ ಒಳ ಪ್ರತಿರೋಧವನ್ನೂ ಲೆಕ್ಕಕ್ಕೆ ಹಿಡಿದೇ ಮೂಲ ವಿನ್ಯಾಸ ಆಗಿರುತ್ತದೆ. ಪ್ಲಸ್-ಮೈನಸ್ ಗುರುತಿರುವ ಸಾಮಾನ್ಯ ಎಲೆಕ್ಟ್ರೋಲೈಟಿಕ್ ಒಂದನ್ನೇ ಹಾಕುವುದು ತಪ್ಪು.

ಟ್ವೀಟರ್ ದನಿ ಹೊಂದಿಸುವ ತಿರುಗಣೆಯಿದ್ದರೆ ಅದರ ತಂತಿ ಹಸಿರುಗಟ್ಟಿರುತ್ತದೆ. ಟ್ವೀಟರ್ ಸತ್ತಿದೆ ಎನ್ನುವ ಮೊದಲು ಇದನ್ನು ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಹಲವು ಸಲ ತಿರುಗಿಸಿ ನೋಡಿ.

ಪೆಟ್ಟಿಗೆ, ಕೊನೆಯ ಪರೀಕ್ಷೆ

ಉಬ್ಬಿದ ಪಾರ್ಟಿಕಲ್ ಬೋರ್ಡ್ ಮತ್ತೆ ಮೊದಲಿನಂತೆ ಆಗುವುದಿಲ್ಲ. ಒಣಗಿಸಿ, ತೆಳು ಎಪಾಕ್ಸಿ ಕುಡಿಸಿ ಗಟ್ಟಿ ಮಾಡಬಹುದು ಅಷ್ಟೆ. ಎದ್ದ ವಿನಿಯರಿನಡಿ ಸಿರಿಂಜಿನಿಂದ ಮರದ ಅಂಟು ಬಿಟ್ಟು, ಮೇಣದ ಕಾಗದ ಹಾಕಿ ಒತ್ತಡ ಕೊಡಿ. ಗೆದ್ದಲು ಮದ್ದು ಹೊಡೆಯುವುದಾದರೆ ಡ್ರೈವರ್ ಬಿಚ್ಚಿದ ಮೇಲೆಯೇ, ಅದರ ದ್ರಾವಕ ಫೋಮನ್ನೂ ಅಂಟನ್ನೂ ಕರಗಿಸುತ್ತದೆ. ಪೋರ್ಟ್ ಇಲ್ಲದ ಮುಚ್ಚಿದ ಪೆಟ್ಟಿಗೆಯಲ್ಲಿ ವೂಫರ್ ಒತ್ತಿ ಬಿಟ್ಟಾಗ ಅದು ತಡವಾಗಿ, ಒಂದೆರಡು ಸೆಕೆಂಡಿನಲ್ಲಿ ಹಿಂದಿರುಗಬೇಕು. ಚಟ್ಟನೆ ಬಂದರೆ ಎಲ್ಲೋ ಗಾಳಿ ಸೋರುತ್ತಿದೆ, ಡ್ರೈವರಿನ ಗ್ಯಾಸ್ಕೆಟ್ಟಿನಿಂದ ಹುಡುಕಲು ಶುರು ಮಾಡಿ.

ಧ್ರುವ ತಿಳಿಯಲು ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ಅನ್ನು ವೂಫರಿಗೆ ಒಂದು ಕ್ಷಣ ಮುಟ್ಟಿಸಿ. ಪ್ಲಸ್ ಗುರುತಿಗೆ ಪ್ಲಸ್ ಕೊಟ್ಟಾಗ ಕೋನ್ ಮುಂದೆ ಬರಬೇಕು. ಹಳೆಯ ಜೆಬಿಎಲ್ ಡ್ರೈವರುಗಳಲ್ಲಿ ಇದು ತಿರುಗುಮುರುಗು. ಟ್ವೀಟರಿಗೆ ಈ ಪರೀಕ್ಷೆ ಬೇಡ.

ಕೊನೆಗೆ ಆಂಪ್ಲಿಫೈಯರನ್ನು ಮೋನೋಗೆ ಹಾಕಿ ಮಡಿಕೇರಿ ಆಕಾಶವಾಣಿಯ ಮಾತಿನ ಕಾರ್ಯಕ್ರಮ ಕೇಳಿ. ಹಾಡಿಗಿಂತ ಮಾತಿನಲ್ಲಿ ದೋಷ ಬೇಗ ಸಿಗುತ್ತದೆ. ದನಿ ಎರಡು ಪೆಟ್ಟಿಗೆಯ ನಟ್ಟನಡುವೆ ನಿಲ್ಲಬೇಕು. ಒಂದು ಕಡೆ ವಾಲಿದರೆ ಪೆಟ್ಟಿಗೆಗಳ ಜಾಗ ಅದಲುಬದಲು ಮಾಡಿ. ವಾಲಿದ್ದು ಪೆಟ್ಟಿಗೆಯ ಜೊತೆ ಹೋದರೆ ದೋಷ ಸ್ಪೀಕರಿನದು, ಅಲ್ಲೇ ಉಳಿದರೆ ಕೋಣೆಯದೋ ಆಂಪ್ಲಿಫೈಯರಿನದೋ. ದನಿ ಎಲ್ಲೂ ನಿಲ್ಲದೆ ಹರಡಿ, ಬೇಸ್ ತೆಳುವಾದರೆ ಒಂದು ಪೆಟ್ಟಿಗೆಯ ತಂತಿ ತಿರುಗುಮುರುಗಾಗಿದೆ.

ಮಳೆಗಾಲದಲ್ಲಿ ಪೆಟ್ಟಿಗೆಗಳನ್ನು ನೆಲದಿಂದ ನಾಲ್ಕೈದು ಇಂಚು ಎತ್ತರದ ಸ್ಟ್ಯಾಂಡಿನ ಮೇಲೆ, ಹೊರಗೋಡೆಗೆ ತಾಗದಂತೆ ಇಡಿ. ಪ್ಲಾಸ್ಟಿಕ್ ಹೊದಿಸಿದರೆ ತೇವ ಒಳಗೇ ಉಳಿಯುತ್ತದೆ, ಹತ್ತಿ ಬಟ್ಟೆ ಸಾಕು. ಬದಲಿಸಿದ ಕೆಪಾಸಿಟರಿನ ಮೌಲ್ಯ, ಫೋಮಿನ ಅಳತೆ, ತಾರೀಕು ಬರೆದ ಚೀಟಿಯೊಂದನ್ನು ಒಳಗಿನ ಹಲಗೆಗೆ ಅಂಟಿಸಿ, ತೆಗೆದ ಹಳೆಯ ಭಾಗಗಳನ್ನು ಕವರಿನಲ್ಲಿ ಹಾಕಿ ಅದರ ಪಕ್ಕದಲ್ಲೇ ಕಟ್ಟಿಡಿ.