ಹೊಸ ಆಟಗಾರ ಬಂದ ದಿನ ಅಭಿಮಾನಿಯ ತಲೆಯೊಳಗೆ ಏನಾಗುತ್ತದೆ?

2012ರ ಜುಲೈ 4ರಂದು ಮಿನೆಸೋಟ ವೈಲ್ಡ್ ಎಂಬ ಐಸ್ ಹಾಕಿ ತಂಡ ಒಂದೇ ದಿನ ಇಬ್ಬರು ದೊಡ್ಡ ಆಟಗಾರರನ್ನು ಸೇರಿಸಿಕೊಂಡಿತು. ಝ್ಯಾಕ್ ಪರೀಸೆ ಮತ್ತು ರಯಾನ್ ಸೂಟರ್. ಇಬ್ಬರಿಗೂ 27 ವರ್ಷ. ಒಬ್ಬೊಬ್ಬರಿಗೂ 13 ವರ್ಷದ ಒಪ್ಪಂದ, 9.8 ಕೋಟಿ ಡಾಲರ್. ಪರೀಸೆ ಮಿನೆಸೋಟದಲ್ಲೇ ಹುಟ್ಟಿದ ಹುಡುಗ. ಅವನ ಅಪ್ಪ ಕೂಡ ಅಲ್ಲಿನ ಹಳೆಯ ತಂಡಕ್ಕೆ ಆಡಿದವರು. ವೈಲ್ಡ್ ತಂಡ ಅದಕ್ಕೂ ಮೊದಲು ಸತತ ನಾಲ್ಕು ವರ್ಷ ಪ್ಲೇಆಫ್ ತಲುಪಿರಲಿಲ್ಲ. ಅಭಿಮಾನಿಗಳಿಗೆ ಆ ದಿನ ಹಬ್ಬ. ಲೀಗ್ ಗೆದ್ದ ತಂಡಕ್ಕೆ ಸಿಗುವ ಸ್ಟ್ಯಾನ್ಲಿ ಕಪ್ ಇನ್ನೇನು ಬಂದೇ ಬಿಟ್ಟಿತು ಎಂಬ ಭಾವನೆ.

ಆಮೇಲೆ ಸತತ ಆರು ವರ್ಷ ತಂಡ ಪ್ಲೇಆಫ್ ಆಡಿತು. ಆದರೆ ಎರಡನೇ ಸುತ್ತು ದಾಟಲಿಲ್ಲ. 2013, 2014, 2015, ಮೂರು ವರ್ಷವೂ ಚಿಕಾಗೋ ಎದುರೇ ಸೋತು ಹೊರಬಿತ್ತು. 2021ರ ಜುಲೈನಲ್ಲಿ ತಂಡವೇ ಇಬ್ಬರ ಒಪ್ಪಂದವನ್ನೂ ಒಟ್ಟಿಗೆ ಮುರಿದು ಕಳಿಸಿಬಿಟ್ಟಿತು. ಹಾಗೆ ಮುರಿದಿದ್ದಕ್ಕೆ ದಂಡ ಇದೆ. 2024–25ರಲ್ಲಿ ವೈಲ್ಡ್ ತಂಡ ಆಟಗಾರರ ಸಂಬಳಕ್ಕೆ ಖರ್ಚು ಮಾಡಬಹುದಾದ ಮಿತಿಯಲ್ಲಿ ಸುಮಾರು 1.47 ಕೋಟಿ ಡಾಲರ್, ಆ ಇಬ್ಬರ ಹೆಸರಿನಲ್ಲಿ ಸುಮ್ನೆ ಕಳೆದುಹೋಯಿತು. ಇಬ್ಬರೂ ಆ ತಂಡದಲ್ಲಿ ಇರಲೇ ಇಲ್ಲ!

ಹಾಕಿ ಎಂದರೆ ನಮಗೆ ನೆನಪಾಗುವುದು ಕೊಡಗು, ಹುಲ್ಲಿನ ಮೈದಾನ. ಇದು ಬೇರೆ ಲೋಕ. ಅಮೆರಿಕ ಮತ್ತು ಕೆನಡಾದ ನ್ಯಾಷನಲ್ ಹಾಕಿ ಲೀಗ್‌ನಲ್ಲಿ ಒಪ್ಪಂದ ಮುಗಿದ ಆಟಗಾರರನ್ನು ಫ್ರೀ ಏಜೆಂಟ್ ಎನ್ನುತ್ತಾರೆ. ಸಾಮಾನ್ಯವಾಗಿ ಜುಲೈ 1ರ ಮಧ್ಯಾಹ್ನ ಅವರ ಮಾರುಕಟ್ಟೆ ತೆರೆಯುತ್ತದೆ. ಬೇಸಿಗೆಯ ನಡುವಿನ ದಿನ, ಎಲ್ಲೂ ಪಂದ್ಯ ಇರುವುದಿಲ್ಲ. ಆದರೂ ಲಕ್ಷಾಂತರ ಜನ ಫೋನ್ ಹಿಡಿದು ಕೂರುತ್ತಾರೆ. ಅವರದು ಹುಚ್ಚು ಅಂತ ನನಗೆ ಅನ್ನಿಸುವುದಿಲ್ಲ. ಮನುಷ್ಯರ ಮಿದುಳು ಇರುವುದೇ ಹಾಗೆ.

ನರವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಸ್ ಕೋತಿಗಳ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಸೂಸುವ ಕೋಶಗಳನ್ನು ವರ್ಷಗಟ್ಟಲೆ ಅಳೆದವರು. ಕೋತಿಯ ಬಾಯಿಗೆ ಅನಿರೀಕ್ಷಿತವಾಗಿ ಹಣ್ಣಿನ ರಸ ಬಿದ್ದರೆ ಆ ಕೋಶಗಳು ಚುರುಕಾಗಿ ಮಿಡಿಯುತ್ತವೆ. ರಸಕ್ಕೆ ಮೊದಲು ಪ್ರತಿ ಸಲ ಒಂದು ದೀಪ ಹೊತ್ತಿಸಿದರೆ ಏನಾಗುತ್ತದೆ? ಕೆಲವು ಸಲ ಕಳೆದ ಮೇಲೆ ಕೋಶಗಳು ರಸಕ್ಕೆ ಮಿಡಿಯುವುದನ್ನು ಬಿಟ್ಟು ದೀಪಕ್ಕೇ ಮಿಡಿಯತೊಡಗುತ್ತವೆ. ದೀಪ ಹೊತ್ತಿಯೂ ರಸ ಬರದಿದ್ದರೆ, ಬರಬೇಕಾಗಿದ್ದ ಹೊತ್ತಿಗೆ ಸರಿಯಾಗಿ ಮಿಡಿತ ಮಾಮೂಲಿ ಮಟ್ಟಕ್ಕಿಂತ ಕೆಳಗೆ ಕುಸಿಯುತ್ತದೆ. 1997ರಲ್ಲಿ ಶುಲ್ಟ್ಸ್, ಪೀಟರ್ ಡಯಾನ್, ರೀಡ್ ಮಾಂಟೇಗ್ ಇದನ್ನು ಒಂದು ಲೆಕ್ಕದ ಸೂತ್ರಕ್ಕೆ ಹೊಂದಿಸಿ ತೋರಿಸಿದರು. ಮಿದುಳು ಲೆಕ್ಕ ಇಡುವುದು ಸಿಕ್ಕಿದ್ದಕ್ಕಲ್ಲ. ಸಿಕ್ಕಿದ್ದಕ್ಕೂ ನಿರೀಕ್ಷೆಗೂ ನಡುವಿನ ವ್ಯತ್ಯಾಸಕ್ಕೆ.

ಅಭಿಮಾನಿಗೆ ಜುಲೈ 1 ಅಂಥ ದೀಪ. ರಸ ಬರಬೇಕಾದದ್ದು ಅಕ್ಟೋಬರ್‌ನಲ್ಲಿ ಆಟ ಶುರುವಾದ ಮೇಲೆ. ಸಂತೋಷವೆಲ್ಲ ಮೊದಲೇ ಖರ್ಚಾಗಿರುತ್ತದೆ. ಆಟಗಾರ ನಿರೀಕ್ಷಿಸಿದಷ್ಟೇ ಚೆನ್ನಾಗಿ ಆಡಿದರೆ ಹೊಸ ಖುಷಿ ಏನೂ ಇಲ್ಲ. ಸ್ವಲ್ಪ ಕಡಿಮೆ ಆಡಿದರೆ ಮೋಸ ಹೋದ ಭಾವನೆ.

ಹಾಗಾದರೆ ಅವನು ಕಡಿಮೆ ಆಡುವ ಸಾಧ್ಯತೆ ಎಷ್ಟು? ಸಾಕಷ್ಟು ಜಾಸ್ತಿ. ಅದಕ್ಕೆ ಕಾರಣ ಅವನ ಸೋಮಾರಿತನವಲ್ಲ, ಮಾರುಕಟ್ಟೆಯ ಸ್ವಭಾವ.

1971ರಲ್ಲಿ ಕೇಪನ್, ಕ್ಲ್ಯಾಪ್, ಕ್ಯಾಂಪ್‌ಬೆಲ್ ಎಂಬ ಮೂವರು ತೈಲ ಕಂಪನಿಯ ಎಂಜಿನಿಯರುಗಳು ಒಂದು ಲೇಖನ ಬರೆದರು. ಮೆಕ್ಸಿಕೋ ಕೊಲ್ಲಿಯಲ್ಲಿ ತೈಲದ ಹಕ್ಕು ಹರಾಜಿನಲ್ಲಿ ಗೆದ್ದ ಕಂಪನಿಗಳಿಗೆ ಅಂದುಕೊಂಡಷ್ಟು ಲಾಭ ಯಾಕೆ ಬರುತ್ತಿಲ್ಲ ಎಂಬುದು ಅವರ ಪ್ರಶ್ನೆ. ಉತ್ತರ ನಮ್ಮ ಶ್ರೀನಿವಾಸಪುರದ ಮಾವಿನ ವ್ಯಾಪಾರಿಗೂ ಅರ್ಥವಾಗುವಂಥದ್ದು. ತೋಪು ಹೂ ಬಿಟ್ಟಾಗಲೇ ಐದು ಜನ ಬಂದು ಫಸಲನ್ನು ಅಂದಾಜು ಮಾಡುತ್ತಾರೆ ಅಂತಿಟ್ಟುಕೊಳ್ಳಿ. ಐವರ ಅಂದಾಜಿನ ಸರಾಸರಿ ಸರಿಯಾಗಿಯೇ ಇರಬಹುದು. ಆದರೆ ತೋಪು ಸಿಗುವುದು ಸರಾಸರಿಗಲ್ಲ, ಎಲ್ಲರಿಗಿಂತ ಜಾಸ್ತಿ ಅಂದಾಜು ಮಾಡಿದವನಿಗೆ. ಅಂದರೆ ಹೆಚ್ಚಿನ ಸಲ, ನಿಜಕ್ಕಿಂತ ಜಾಸ್ತಿ ಅಂದಾಜು ಮಾಡಿದವನಿಗೆ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಗೆದ್ದವರ ಶಾಪ ಎಂದೇ ಹೆಸರು.

ಇದರಿಂದ ನಾನೊಂದು ಲೆಕ್ಕ ಹಾಕುತ್ತೇನೆ. ಜುಲೈ 1ರಂದು ಯಾವ ಊರಿನ ಅಭಿಮಾನಿಗಳು ಅತಿ ಹೆಚ್ಚು ಕುಣಿಯುತ್ತಿದ್ದಾರೋ, ಆ ಊರಿನ ತಂಡವೇ ಅತಿ ಹೆಚ್ಚು ದುಡ್ಡು ಸುರಿದಿರುವ ಸಂಭವ ಹೆಚ್ಚು. ಜೊತೆಗೆ ಈ ಲೀಗ್‌ನಲ್ಲಿ 2005ರಿಂದ ಸಂಬಳಕ್ಕೆ ಗಟ್ಟಿ ಮಿತಿ ಇದೆ. 2005–06ರಲ್ಲಿ ತಂಡಕ್ಕೆ 3.9 ಕೋಟಿ ಡಾಲರ್ ಇದ್ದದ್ದು 2025–26ಕ್ಕೆ 9.55 ಕೋಟಿಗೆ ಏರಿದೆ. ಏರಿದರೂ ಮಿತಿ ಮಿತಿಯೇ. ಒಬ್ಬನಿಗೆ ಹೆಚ್ಚು ಕೊಟ್ಟರೆ ಮಾಲೀಕನ ಜೇಬಷ್ಟೇ ಖಾಲಿಯಾಗುವುದಿಲ್ಲ, ಇನ್ನೊಬ್ಬ ಒಳ್ಳೆಯ ಆಟಗಾರನ ಜಾಗ ಹೋಗುತ್ತದೆ.

ಇನ್ನೊಂದು ಬಲೆ ಇದಕ್ಕಿಂತ ಸೂಕ್ಷ್ಮ. ಡೇವಿಡ್ ಕ್ಲಾರ್ಕ್‌ಸನ್ ಎಂಬ ಆಟಗಾರ 2010–11ರಲ್ಲಿ ನ್ಯೂಜೆರ್ಸಿಗೆ 12 ಗೋಲು ಹೊಡೆದಿದ್ದ. ಮರುವರ್ಷ 30. 2013ರ ಜುಲೈನಲ್ಲಿ ಅವನ ಹುಟ್ಟೂರು ಟೊರೊಂಟೊದ ಮೇಪಲ್ ಲೀಫ್ಸ್ ತಂಡ 7 ವರ್ಷಕ್ಕೆ 3.675 ಕೋಟಿ ಡಾಲರ್ ಕೊಟ್ಟು ಕರೆತಂದಿತು. ಮೊದಲ ವರ್ಷ 60 ಪಂದ್ಯ, 5 ಗೋಲು. ಎರಡನೇ ವರ್ಷ ಮುಗಿಯುವ ಮೊದಲೇ ಅವನನ್ನು ಕೊಲಂಬಸ್‌ಗೆ ಕಳಿಸಿದರು. ಬದಲಿಗೆ ಬಂದವನು ಬೆನ್ನಿನ ತೊಂದರೆಯಿಂದ ಆಡಲಾಗದ ಸ್ಥಿತಿಯಲ್ಲಿದ್ದ ನೇಥನ್ ಹಾರ್ಟನ್. ಅಂಥವನಾದರೂ ಪರವಾಗಿಲ್ಲ ಅನ್ನಿಸುವಷ್ಟು ಆ ಒಪ್ಪಂದ ಭಾರವಾಗಿತ್ತು.

ಐಸ್ ಹಾಕಿಯಲ್ಲಿ ಅದೃಷ್ಟದ ಪಾಲು ದೊಡ್ಡದು. ಪಕ್ ಎಂಬ ರಬ್ಬರಿನ ಬಿಲ್ಲೆ ಸುಮಾರು 170 ಗ್ರಾಂ. ಅದು ಯಾರದೋ ಕೋಲಿಗೆ, ಯಾರದೋ ಸ್ಕೇಟಿಗೆ ತಾಗಿ ದಿಕ್ಕು ಬದಲಿಸುತ್ತದೆ. ಗೋಲಿನತ್ತ ಹೋದ ಹತ್ತು ಹೊಡೆತದಲ್ಲಿ ಸುಮಾರು ಒಂಬತ್ತನ್ನು ಗೋಲ್‌ಕೀಪರ್ ತಡೆಯುತ್ತಾನೆ. ಈಗ ವರ್ಷಕ್ಕೆ 200 ಹೊಡೆತ ಹೊಡೆಯುವ ಒಬ್ಬ ಆಟಗಾರನನ್ನು ಊಹಿಸಿಕೊಳ್ಳಿ. ಅವನ ಪ್ರತಿ ಹೊಡೆತ ಗೋಲಾಗುವ ಸಂಭವ ಹತ್ತರಲ್ಲಿ ಒಂದು. ಸರಾಸರಿ ವರ್ಷಕ್ಕೆ 20 ಗೋಲು. ಅವನ ಸಾಮರ್ಥ್ಯ ಕೂದಲೆಳೆಯಷ್ಟೂ ಬದಲಾಗದಿದ್ದರೂ ಒಂದು ವರ್ಷ 15, ಇನ್ನೊಂದು ವರ್ಷ 25 ಆಗುವುದು ತೀರಾ ಸಹಜ. 25 ಅಥವಾ ಅದಕ್ಕಿಂತ ಹೆಚ್ಚು ಗೋಲು ಬರುವ ವರ್ಷ, ಬರೀ ಅದೃಷ್ಟದಿಂದಲೇ, ಏಳು ವರ್ಷಕ್ಕೆ ಒಂದರಂತೆ ಸಿಗುತ್ತದೆ. ಸಂಭವನೀಯತೆಯ ಪಾಠ ಓದಿದವರು ಕಾಗದದ ಮೇಲೆ ಲೆಕ್ಕ ಹಾಕಿ ನೋಡಬಹುದು.

ಮಾರುಕಟ್ಟೆಯ ಕಣ್ಣಿಗೆ ಬೀಳುವವನು 25 ಹೊಡೆದವನು. ಅವನಲ್ಲಿ ಕಲೆಯೂ ಇದೆ, ಆ ವರ್ಷದ ಅದೃಷ್ಟವೂ ಇದೆ. ಒಪ್ಪಂದಕ್ಕೆ ಸಹಿ ಹಾಕಿದಾಗ ಕಲೆ ಅವನ ಜೊತೆ ಬರುತ್ತದೆ, ಅದೃಷ್ಟ ಬರುವುದಿಲ್ಲ. ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ಅಪ್ಪ ಅಮ್ಮ ಮತ್ತು ಮಕ್ಕಳ ಎತ್ತರ ಅಳೆಯುತ್ತಾ ವಿವರಿಸಿದ, ಸರಾಸರಿಯತ್ತ ಮರಳುವ ಗುಣ ಇದೇ.

ವಯಸ್ಸಿನ ಕಥೆ ಬೇರೆ. ನಿಯಮದ ಪ್ರಕಾರ ಆಟಗಾರನಿಗೆ ಪೂರ್ತಿ ಸ್ವಾತಂತ್ರ್ಯ ಸಿಗುವುದು ಸಾಮಾನ್ಯವಾಗಿ 27ರ ವಯಸ್ಸಿಗೆ, ಅಥವಾ ಏಳು ಋತು ಆಡಿದ ಮೇಲೆ. ಕೆನಡಾದ ಅರ್ಥಶಾಸ್ತ್ರಜ್ಞ ಜೇಮ್ಸ್ ಬ್ರಾಂಡರ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಮುಂಪಡೆಯವರ ಆಟ ಉತ್ತುಂಗಕ್ಕೆ ಏರುವುದು 27–28ರಲ್ಲಿ, ರಕ್ಷಣೆಯವರದು 28–29ರಲ್ಲಿ. ಅಂದರೆ ಏಳು ವರ್ಷದ ಒಪ್ಪಂದ ಶುರುವಾಗುವುದೇ ಶಿಖರದ ತುದಿಯಲ್ಲಿ. ಮುಂದಿನ ದಾರಿ ಬಹುಪಾಲು ಇಳಿಜಾರು. ಇದಕ್ಕಾಗಿ ಆಟಗಾರನನ್ನು ದುರಾಸೆಯವನು ಎಂದು ಬೈಯುವುದು ಅನ್ಯಾಯ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಹದಿನೆಂಟು ಹತ್ತೊಂಬತ್ತರಲ್ಲಿ ಲೀಗ್‌ಗೆ ಬಂದಾಗ ಅವನ ಸಂಬಳಕ್ಕೆ ನಿಯಮವೇ ಬೇಲಿ ಹಾಕಿರುತ್ತದೆ, ಎಷ್ಟೇ ಚೆನ್ನಾಗಿ ಆಡಲಿ. ಅವತ್ತಿನ ಬೆವರಿನ ಕೂಲಿಯೂ ಇವತ್ತಿನ ದೊಡ್ಡ ಮೊತ್ತದಲ್ಲಿ ಸೇರಿದೆ, ಅಲ್ವಾ?

ಆದರೆ ಅಭಿಮಾನಿಯ ಸಿಟ್ಟು ನಿಯಮದ ಪುಸ್ತಕದ ಮೇಲೆ ಹೋಗುವುದಿಲ್ಲ. ಮೈದಾನದಲ್ಲಿ ಕಾಣುವ ಮನುಷ್ಯನ ಮೇಲೇ ಹೋಗುತ್ತದೆ. ಜಾನ್ ಟವಾರೆಸ್ ಒಂಬತ್ತು ಋತು ನ್ಯೂಯಾರ್ಕ್ ಐಲ್ಯಾಂಡರ್ಸ್‌ಗೆ ಆಡಿದವನು, ನಾಯಕನೂ ಆಗಿದ್ದ. 2018ರ ಜುಲೈ 1ರಂದು 7 ವರ್ಷಕ್ಕೆ 7.7 ಕೋಟಿ ಡಾಲರಿನ ಒಪ್ಪಂದದ ಮೇಲೆ ಟೊರೊಂಟೊ ಸೇರಿದ. ಆ ದಿನ ಅವನು ತನ್ನ ಬಾಲ್ಯದ ಫೋಟೋ ಒಂದನ್ನು ಹಂಚಿಕೊಂಡ. ಮೇಪಲ್ ಲೀಫ್ಸ್ ಚಿತ್ರವಿರುವ ಹಾಸಿಗೆಯಲ್ಲಿ ಪುಟ್ಟ ಹುಡುಗ ಮಲಗಿದ್ದಾನೆ. ಟೊರೊಂಟೊ ಕರಗಿಹೋಯಿತು. ಅದೇ ಫೋಟೋ ಐಲ್ಯಾಂಡರ್ಸ್ ಅಭಿಮಾನಿಗಳ ನೆಲೆಯಾದ ಲಾಂಗ್ ಐಲ್ಯಾಂಡ್‌ನಲ್ಲಿ ಗಾಯಕ್ಕೆ ಉಪ್ಪು. 2019ರ ಫೆಬ್ರವರಿಯಲ್ಲಿ ಅವನು ಹಳೆಯ ಅಂಗಳಕ್ಕೆ ಆಡಲು ಹೋದಾಗ ಪ್ಲಾಸ್ಟಿಕ್ ಹಾವುಗಳನ್ನು ಎಸೆದರು. ಪಂದ್ಯವನ್ನು ಐಲ್ಯಾಂಡರ್ಸ್ 6–1ರಿಂದ ಗೆದ್ದಿತು. ಟವಾರೆಸ್ ಆ ಋತುವಿನಲ್ಲಿ 47 ಗೋಲು ಹೊಡೆದ, ಅಲ್ಲಿಯವರೆಗಿನ ಅವನ ಅತ್ಯುತ್ತಮ ಲೆಕ್ಕ. ಆದರೂ ಟೊರೊಂಟೊ ಮೊದಲ ಸುತ್ತಿನಲ್ಲೇ ಬಾಸ್ಟನ್‌ಗೆ ಸೋತಿತು.

ಇಷ್ಟು ಆಳವಾದ ನೋವು ಎಲ್ಲಿಂದ ಬರುತ್ತದೆ? ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡಿನಿ ಮತ್ತು ಸಂಗಡಿಗರು 1976ರಲ್ಲಿ ಅಮೆರಿಕದ ಏಳು ವಿಶ್ವವಿದ್ಯಾಲಯಗಳಲ್ಲಿ ಸೋಮವಾರದ ತರಗತಿಗಳನ್ನು ಗಮನಿಸಿದ ವರದಿ ಪ್ರಕಟಿಸಿದರು. ವಾರಾಂತ್ಯದಲ್ಲಿ ಕಾಲೇಜಿನ ಫುಟ್‌ಬಾಲ್ ತಂಡ ಗೆದ್ದಿದ್ದರೆ ಕಾಲೇಜಿನ ಹೆಸರಿರುವ ಅಂಗಿ ತೊಟ್ಟವರು ಹೆಚ್ಚು. ಫೋನ್ ಮಾಡಿ ಕೇಳಿದಾಗ ಗೆಲುವಿನ ಬಗ್ಗೆ ‘ನಾವು’ ಎನ್ನುವುದು ಸೋಲಿನ ಬಗ್ಗೆ ಹೇಳುವಾಗಿನದಕ್ಕಿಂತ ಹೆಚ್ಚು. 1998ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಗಂಡಸರ ಎಂಜಲು ಪರೀಕ್ಷಿಸಿತು. ತಂಡ ಗೆದ್ದಾಗ ಬರೀ ಕೂತು ನೋಡಿದವರ ಟೆಸ್ಟೊಸ್ಟೆರಾನ್ ಎಂಬ ಹಾರ್ಮೋನ್ ಕೂಡ ಏರಿತ್ತು, ಸೋತಾಗ ಇಳಿದಿತ್ತು. ತಂಡ ನಮ್ಮ ಮೈಯ ಒಂದು ಭಾಗದ ಹಾಗೆ ಆಗಿರುತ್ತದೆ. ಹೊಸ ಆಟಗಾರ ಬಂದರೆ ನಾವೇ ಬಲಿತ ಹಾಗೆ, ಹಳೆಯವನು ಹೋದರೆ ನಮ್ಮನ್ನೇ ಬಿಟ್ಟುಹೋದ ಹಾಗೆ.

ಈಗ ಫ್ಲಾರಿಡಾದ ಸೆರ್ಗೆ ಬೊಬ್ರೊವ್‌ಸ್ಕಿ. 2019ರ ಜುಲೈ 1ರಂದು 30ರ ವಯಸ್ಸಿನ ಈ ಗೋಲ್‌ಕೀಪರ್‌ಗೆ ಪ್ಯಾಂಥರ್ಸ್ ತಂಡ 7 ವರ್ಷಕ್ಕೆ 7 ಕೋಟಿ ಡಾಲರ್ ಕೊಟ್ಟಿತು. ಮೊದಲ ವರ್ಷಗಳು ಕೆಟ್ಟದಾಗಿದ್ದವು. 2021ರ ಪ್ಲೇಆಫ್‌ನಲ್ಲಿ ಅವನನ್ನು ಕೂರಿಸಿ ಎಳೆಯ ಹುಡುಗನನ್ನು ಆಡಿಸಿದರು. 2023ರ ಪ್ಲೇಆಫ್ ಶುರುವಾದಾಗಲೂ ಅವನು ಬೆಂಚಿನ ಮೇಲಿದ್ದ. ಲೀಗ್‌ನ ಅತಿ ಕೆಟ್ಟ ಒಪ್ಪಂದಗಳ ಮಾತು ಬಂದಾಗ ಅವನ ಹೆಸರು ತಪ್ಪುತ್ತಿರಲಿಲ್ಲ. ಬ್ರಾಂಡರ್ ತಂಡದ ಅಧ್ಯಯನದಲ್ಲೇ ಒಂದು ಮಾತಿದೆ, ಅದನ್ನು ಯಾರೂ ನೆನಪಿಸಿಕೊಳ್ಳುತ್ತಿರಲಿಲ್ಲ. ಗೋಲ್‌ಕೀಪರ್‌ಗಳ ಆಟ ವಯಸ್ಸಿನ ಜೊತೆ ಅಷ್ಟಾಗಿ ಬದಲಾಗುವುದಿಲ್ಲ.

2024ರ ಫೈನಲ್‌ನಲ್ಲಿ ಫ್ಲಾರಿಡಾ ಎಡ್ಮಂಟನ್ ವಿರುದ್ಧ 3–0 ಮುಂದಿತ್ತು. ನಾಲ್ಕನೇ ಪಂದ್ಯವನ್ನು 8–1ರಿಂದ ಸೋತಿತು. ಬೊಬ್ರೊವ್‌ಸ್ಕಿ ಐದು ಗೋಲು ಬಿಟ್ಟುಕೊಟ್ಟ ಮೇಲೆ ಅವನನ್ನು ಹೊರಗೆ ಕರೆದರು. ಸರಣಿ 3–3 ಆಯಿತು, ಹಳೆಯ ಬೈಗುಳಗಳೆಲ್ಲ ವಾಪಸ್ ಬಂದವು. ಜೂನ್ 24ರ ಏಳನೇ ಪಂದ್ಯದಲ್ಲಿ ಅವನು 23 ಹೊಡೆತ ತಡೆದ. ಫ್ಲಾರಿಡಾ 2–1ರಿಂದ ಗೆದ್ದಿತು, ತಂಡದ ಇತಿಹಾಸದ ಮೊದಲ ಸ್ಟ್ಯಾನ್ಲಿ ಕಪ್. ಮರುವರ್ಷ ಅದೇ ಎಡ್ಮಂಟನ್‌ನನ್ನು ಸೋಲಿಸಿ ಇನ್ನೊಂದು. ಆ ಏಳನೇ ಪಂದ್ಯದಲ್ಲಿ ಪಕ್ ಒಂದೆರಡು ಸಲ ಬೇರೆ ಕಡೆ ಜಾರಿದ್ದರೆ 2019ರ ಒಪ್ಪಂದದ ಒಂದು ಅಕ್ಷರವೂ ಬದಲಾಗುತ್ತಿರಲಿಲ್ಲ. ಅದರ ಬಗ್ಗೆ ಜನ ಆಡುವ ಮಾತು ಮಾತ್ರ ಪೂರ್ತಿ ಬೇರೆಯಾಗಿರುತ್ತಿತ್ತು.