ಉಗುಳುವ ಬಾಯಿ, ನುಂಗುವ ಬಾಯಿ

ಅಮೆರಿಕದ ಫ್ಲಾರಿಡಾ ರಾಜ್ಯದ ಉತ್ತರ ಭಾಗದಲ್ಲಿ ಸಾಂಟಾ ಫೆ ಎಂಬ ಹೊಳೆಯಿದೆ. ಓಲೀನೋ ಉದ್ಯಾನಕ್ಕೆ ಬರುತ್ತಲೇ ಅದು ಒಂದು ಮಡುವಿನಲ್ಲಿ ಮೆಲ್ಲಗೆ ಸುತ್ತುತ್ತ ನೆಲದೊಳಗೆ ಇಳಿದುಬಿಡುತ್ತದೆ. ಸುಮಾರು 5 ಕಿ.ಮೀ. ಆಚೆ ಮತ್ತೆ ಮೇಲೆದ್ದು, ಏನೂ ನಡೆದೇ ಇಲ್ಲವೆಂಬಂತೆ ಹರಿಯುತ್ತದೆ. ಗುಪ್ತಗಾಮಿನಿ ಎಂದರೆ ನಮಗೆ ಪುರಾಣದ ಸರಸ್ವತಿ ನೆನಪಾಗುತ್ತಾಳೆ. ಇಲ್ಲಿ ದಡದಲ್ಲಿ ನಿಂತು ಕಣ್ಣಾರೆ ನೋಡಬಹುದು.

ಎಲ್ಲ ಕಲ್ಲಿನ ಮಹಿಮೆ. ಕಾವೇರಿ, ತುಂಗಭದ್ರೆಯರ ಕೆಳಗಿರುವ ಗ್ರಾನೈಟ್, ನೈಸ್ ಬಂಡೆಗಳನ್ನು ನೀರು ಸವೆಸಬಲ್ಲದು, ಸುಲಭಕ್ಕೆ ಕರಗಿಸಲಾರದು. ಫ್ಲಾರಿಡಾದ ಅಡಿಯಲ್ಲಿರುವುದು ಸುಣ್ಣಕಲ್ಲು. ಮಳೆನೀರು ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿ ತೆಳು ಆಮ್ಲವಾಗುತ್ತದೆ, ಬಿರುಕಿಗಿಳಿದು ಲಕ್ಷಾಂತರ ವರ್ಷಗಳಲ್ಲಿ ಅದನ್ನು ಕೊಳವೆಯಾಗಿಸುತ್ತದೆ, ಕೊಳವೆಯನ್ನು ಲಾರಿ ಹೋಗುವಷ್ಟು ಸುರಂಗವಾಗಿಸುತ್ತದೆ. ಅಂಥ ಸುರಂಗಗಳು ಹೊಳೆಯ ತಳದಲ್ಲೋ ದಡದಲ್ಲೋ ಬಾಯಿ ತೆರೆಯುತ್ತವೆ. ಕೆಲವು ನೀರನ್ನು ಉಗುಳುತ್ತವೆ, ಕೆಲವು ನುಂಗುತ್ತವೆ. ಕಾಲಕ್ಕೆ ತಕ್ಕಂತೆ ಎರಡನ್ನೂ ಮಾಡುವ ಮೂರನೆಯ ಜಾತಿಯೂ ಉಂಟು. ನೀರು ತುಂಬಿದ ಈ ಗುಹೆಗಳಿಗೆ ಇಳಿಯುವ ಡೈವರ್ ಒಬ್ಬ ಕೇಳಬೇಕಾದ ಮೊದಲ ಪ್ರಶ್ನೆ ಗುಹೆ ಎಷ್ಟು ಆಳ, ಎಷ್ಟು ಉದ್ದ ಎಂಬುದಲ್ಲ. ಈ ಹೊತ್ತು ನೀರು ಯಾವ ಕಡೆಗೆ ಹೋಗುತ್ತಿದೆ ಎಂಬುದು.

ಹೊಸ ಗುಹೆಗಳ ಹುಡುಕಾಟವೂ ಈ ಪ್ರಶ್ನೆಯಿಂದಲೇ ಶುರು. ಒಕೆಫೆನೋಕಿ ಜೌಗಿನಿಂದ ಬರುವ ಸುವಾನಿ ನದಿಯ ನೀರು, ಕೊಳೆತ ಎಲೆ ತೊಗಟೆಗಳ ರಸ ಬೆರೆತು ಕಾಫಿ ಡಿಕಾಕ್ಷನ್ ಬಣ್ಣಕ್ಕಿರುತ್ತದೆ. ಅದರ ನಡುವೆ ಒಂದು ಕಡೆ ತಿಳಿನೀಲಿ ಕಂಡರೆ ಅಲ್ಲಿ ಒರತೆ, ಅಂದರೆ ಉಗುಳುವ ಬಾಯಿ, ಇದೆ. ಒರತೆ ಆಳದಲ್ಲಿದ್ದರೆ ಬಣ್ಣ ಮೇಲಕ್ಕೆ ಬರುವುದಿಲ್ಲ. ಆದರೆ ಅಲೆಗಳ ನಡುವೆ ಎಣ್ಣೆ ಸವರಿದಂತೆ ನುಣುಪಾದ ಒಂದು ವೃತ್ತ ಉಬ್ಬುತ್ತಿರುತ್ತದೆ. ಚಳಿಗಾಲದ ಬೆಳಗು ಇನ್ನೂ ಅನುಕೂಲ. ಒರತೆಯ ನೀರು ವರ್ಷವಿಡೀ 20ರಿಂದ 22 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರುತ್ತದೆ. ಹೊಳೆ ಅದಕ್ಕಿಂತ ತಣ್ಣಗಾದಾಗ ಬೆಚ್ಚನೆಯ ಜಾಗ ಉಷ್ಣ ಕ್ಯಾಮೆರಾದಲ್ಲಿ ಎದ್ದು ಕಾಣುತ್ತದೆ, ಕೆಲವೊಮ್ಮೆ ಬರಿಗಣ್ಣಿಗೇ ಹಬೆಯಾಡುತ್ತದೆ. ನುಂಗುವ ಬಾಯಿಗೆ ಬೇರೆಯೇ ಗುರುತು: ತರಗೆಲೆ, ನೊರೆ, ಕಡ್ಡಿಗಳು ಹರಿವಿನ ಜೊತೆ ಹೋಗದೆ ಒಂದೇ ಕಡೆ ಸುತ್ತುತ್ತಿರುತ್ತವೆ. ಹೊಳೆಯಿಂದ ದೂರದ ಕಾಡಿನಲ್ಲಾದರೆ ನಕ್ಷೆಯಲ್ಲಿ ನೀರು ಹೊರಹೋಗಲು ದಾರಿಯಿಲ್ಲದ ತಗ್ಗುಗಳನ್ನು ಹುಡುಕಬೇಕು. ಅಂಥವು ಸಾಲಾಗಿದ್ದರೆ ಕೆಳಗೊಂದು ಸುರಂಗ ಇರುವ ಸಾಧ್ಯತೆ ಹೆಚ್ಚು. ಹೀಗೆ ಸಿಕ್ಕ ಜಾಗಗಳಲ್ಲಿ ಬಹುಪಾಲು ಕಲ್ಲುರಾಶಿಯಲ್ಲೋ ಕೈ ಮಾತ್ರ ತೂರುವ ಬಿರುಕಿನಲ್ಲೋ ಮುಗಿದುಹೋಗುತ್ತವೆ. ತಾಳ್ಮೆಯಿಲ್ಲದವರಿಗೆ ಈ ಕೆಲಸ ಹೇಳಿದ್ದಲ್ಲ.

ಬಾಯಿ ಮನುಷ್ಯ ನುಸುಳುವಷ್ಟಿದ್ದರೆ ಗೋಡೆಯನ್ನು ನೋಡಬೇಕು. ಹರಿವು ಸುಣ್ಣಕಲ್ಲಿನ ಮೇಲೆ ಚಮಚದಿಂದ ಕೆರೆದಂಥ ಗುಳಿಗಳನ್ನು ಮೂಡಿಸಿರುತ್ತದೆ. ಗುಳಿ ಚಿಕ್ಕದಾದಷ್ಟೂ ಅದನ್ನು ಕೊರೆದ ನೀರಿನ ವೇಗ ಹೆಚ್ಚು. ನೆಲದಲ್ಲಿ ಉರುಟು ಮರಳಿದ್ದರೆ ಒಳಗೆ ಬಿರುಸಾದ ಸೆಳೆತ, ಹಿಟ್ಟಿನಂಥ ಮಡ್ಡಿಯಿದ್ದರೆ ನಿಧಾನದ ನೀರು. ಒಂದು ಚಿಟಿಕೆ ಮಡ್ಡಿಯನ್ನು ಬೆರಳಿನಿಂದ ಎಬ್ಬಿಸಿ ಅದು ಯಾವ ಕಡೆ ಸರಿಯುತ್ತದೆಂದು ನೋಡುವುದಕ್ಕಿಂತ ಅಗ್ಗದ ಉಪಕರಣವಿಲ್ಲ.

ಈ ದಿಕ್ಕು ಗಾಳಿಯ ಲೆಕ್ಕವನ್ನು ಹೇಗೆ ಬುಡಮೇಲು ಮಾಡುತ್ತದೆ ನೋಡಿ. ತಲಾ 12 ಲೀಟರ್‌ನ ಎರಡು ಸಿಲಿಂಡರ್‌ಗಳನ್ನು 200 ಬಾರ್ ಒತ್ತಡಕ್ಕೆ ತುಂಬಿದರೆ 4,800 ಲೀಟರ್ ಗಾಳಿ. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ 20 ಮೀಟರ್ ಆಳದಲ್ಲಿ, ಮೂರು ಪಟ್ಟು ಒತ್ತಡದಲ್ಲಿ, 60 ಲೀಟರ್ ಬೇಕು. ಗುಹೆ ಡೈವಿಂಗ್‌ನ ಹಳೆಯ ನಿಯಮ ಮೂರರಲ್ಲೊಂದು ಪಾಲು: ಒಂದು ಪಾಲು ಹೋಗಲು, ಒಂದು ಬರಲು, ಇನ್ನೊಂದು ಕಟ್ಟಕಡೆಯ ತುದಿಯಲ್ಲಿ ಜೊತೆಗಾರರ ಗಾಳಿ ಕೈಕೊಟ್ಟರೆ ಅವರನ್ನು ಹೊರತರಲು. ಅಂದರೆ 1,600 ಲೀಟರ್, ಸುಮಾರು 26 ನಿಮಿಷ ಆದೊಡನೆ ಹಿಂದಿರುಗಬೇಕು.

ನಿಂತ ನೀರಿನಲ್ಲಿ ನಿಮಿಷಕ್ಕೆ 15 ಮೀಟರ್ ಈಜುವ ಡೈವರ್, ನಿಮಿಷಕ್ಕೆ 5 ಮೀಟರ್ ಹರಿವಿರುವ ಒರತೆಗೆ ಹೊಕ್ಕರೆ, ಹೋಗುವಾಗ ವೇಗ 10 ಮೀಟರ್, ಬರುವಾಗ 20. ಬರಲು ಅರ್ಧ ಸಮಯ ಸಾಕು. ತಪ್ಪು ಮಾಡಿದರೂ ನೀರೇ ಹೊರಗೆ ತಳ್ಳುತ್ತದೆ. ಅದೇ ಹರಿವಿನ ನುಂಗುವ ಬಾಯಲ್ಲಿ ಸಲೀಸಾಗಿ 20ರ ವೇಗದಲ್ಲಿ ಹೋದವರು 10ರ ವೇಗದಲ್ಲಿ ಮರಳಬೇಕು. ಒಳಹೋಗಲು ಒಂದು ಪಾಲು ಖರ್ಚಾದರೆ ಹೊರಬರಲು ಎರಡೂ ಪಾಲು ಬೇಕು. ಜೊತೆಗಾರರಿಗೆ ಉಳಿದದ್ದು ಸೊನ್ನೆ. ಎದುರು ಈಜುವಾಗ ಏದುಸಿರು ಬರುತ್ತದೆಂಬುದನ್ನು ಇಲ್ಲಿ ಸೇರಿಸಿಯೇ ಇಲ್ಲ. ಆರರಲ್ಲೊಂದು ಪಾಲಿಗೇ ತಿರುಗಿದರೆ ತನಗೆ ಎರಡು, ಜೊತೆಗಾರರಿಗೆ ಎರಡು, ಮೇಲೆ ಒಂದು ಉಳಿಯುತ್ತದೆ. ಅನುಭವಿಗಳು ಹೊಸ ನುಂಗುಬಾಯಿಗೆ ಅದಕ್ಕಿಂತಲೂ ಕಡಿಮೆ ಇಟ್ಟುಕೊಳ್ಳುತ್ತಾರೆ. ಹಿತವಾಗಿ ಒಳಗೆಳೆದುಕೊಳ್ಳುವ ಗುಹೆಯನ್ನು ನಂಬಬಾರದು.

ಶೆಕ್ ಎಕ್ಸ್‌ಲಿ ಎಂಬ ಫ್ಲಾರಿಡಾದ ಡೈವರ್ 1970ರ ದಶಕದಲ್ಲಿ ಗುಹೆಗಳಲ್ಲಿ ಸತ್ತವರ ವಿವರಗಳನ್ನು ಒಟ್ಟುಮಾಡಿ ಕಾರಣಗಳನ್ನು ವಿಂಗಡಿಸಿದರು. ಮತ್ತೆ ಮತ್ತೆ ಕಂಡವು ಮೂರು: ಹೊರಗಿನವರೆಗೆ ಅಖಂಡವಾದ ಹಗ್ಗ ಇರಲಿಲ್ಲ, ಮರಳಲು ಗಾಳಿ ಉಳಿಸಿರಲಿಲ್ಲ, ಮಿತಿ ಮೀರಿ ಆಳಕ್ಕೆ ಹೋಗಿದ್ದರು. ತರಬೇತಿ ಮತ್ತು ಪ್ರತಿಯೊಬ್ಬರ ಬಳಿ ಮೂರು ದೀಪ ಇರಬೇಕೆಂಬ ನಿಯಮ ಆಮೇಲೆ ಸೇರಿದವು.

ಹಗ್ಗ ಎಂದರೆ ಇಲ್ಲಿ ಹೆಣೆದ ತೆಳು ನೈಲಾನ್ ದಾರ. ಮೊದಲ ಗಂಟು ಗುಹೆಯ ಹೊರಗೆ, ತಲೆಯೆತ್ತಿದರೆ ಆಕಾಶ ಸಿಗುವಲ್ಲಿ. ಎರಡನೆಯದು ಬಾಯಿಯ ಒಳಗೆ. ಅಲ್ಲಿಂದ ಮುಂದೆ ಗಂಟಿಗಿಂತ ಕಲ್ಲಿಗೆ ಒಂದು ಸುತ್ತು ಹಾಕಿ ಬಿಗಿ ಹಿಡಿಯುವುದೇ ಹೆಚ್ಚು. ಹೊಸಬರ ದೊಡ್ಡ ತಪ್ಪು ತಿರುವಿನಲ್ಲಿ ಆಗುತ್ತದೆ: ಅಲ್ಲಿ ಸುತ್ತು ಹಾಕದೆ ಮುಂದೆ ಹೋದರೆ ಎಳೆತಕ್ಕೆ ದಾರ ಒಳಮೂಲೆಗೆ ಜಾರಿ, ದೇಹ ತೂರದ ಬಿರುಕಿನಲ್ಲಿ ಕೂರುತ್ತದೆ. ಬೆಳಕಿದ್ದಾಗ ಇದು ಕಾಣುವುದೇ ಇಲ್ಲ. ಕತ್ತಲಲ್ಲಿ ದಾರ ಹಿಡಿದು ಬರುವವರ ಕೈ ಬಿರುಕಿಗೆ ಹೋಗುತ್ತದೆ, ಮೈ ಹೊರಗೇ ಉಳಿಯುತ್ತದೆ. ಕವಲುಗಳಲ್ಲಿ ಪ್ಲಾಸ್ಟಿಕ್ ಬಾಣ ಸಿಕ್ಕಿಸುತ್ತಾರೆ. ಅದರ ಮೂತಿ ಯಾವಾಗಲೂ ಹೊರದಾರಿಯ ಕಡೆಗೆ, ಮತ್ತು ಅದನ್ನು ಬೆರಳಿನಿಂದ ತಡವಿಯೇ ಓದಬಹುದು.

ಕತ್ತಲು ಎಂದದ್ದು ದೀಪ ಕೆಟ್ಟಾಗಿನದಷ್ಟೇ ಅಲ್ಲ. ಯಾರೂ ಹೋಗದ ಸುರಂಗದ ಚಾವಣಿಗೆ ಯಾವ ಗುಳ್ಳೆಯೂ ತಾಗಿರುವುದಿಲ್ಲ. ಮೊದಲ ಡೈವರ್ ಬಿಟ್ಟ ಉಸಿರು ತಾಗುತ್ತಲೇ ಅಲ್ಲಿನ ಧೂಳು, ಕಲ್ಲಿನ ಹಿಟ್ಟು ಮಳೆಯಂತೆ ಸುರಿಯುತ್ತದೆ. ಕಪ್ಪೆಯಂತೆ ಕಾಲನ್ನು ಅಡ್ಡಕ್ಕೆ ಬೀಸುವ ಈಜು ನೆಲದ ಮಡ್ಡಿಯನ್ನು ಕಾಪಾಡುತ್ತದೆ, ಚಾವಣಿಯದನ್ನಲ್ಲ. ಒರತೆಯಲ್ಲಿ ಈ ರಾಡಿ ಹರಿವಿನೊಂದಿಗೆ ಹೊರದಾರಿಗೇ ತೇಲಿ ಹಿಂದೆ ಮುಸುಕುತ್ತದೆ. ನುಂಗುಬಾಯಿಯಲ್ಲಿ ಡೈವರ್ ಹೋದ ಕಡೆಗೇ ಹಿಂಬಾಲಿಸಿ ಬರುತ್ತದೆ. ಹಾಗಾಗಿ ಹೊಸ ಗುಹೆ ಚೆನ್ನಾಗಿ ಕಾಣುವುದು ಹೋಗುವಾಗ ಒಂದೇ ಸಲ.

ನಕ್ಷೆ ಮಾಡಲು ದಾರಕ್ಕೆ ಮೊದಲೇ 3 ಮೀಟರಿಗೊಂದರಂತೆ ಗಂಟು ಹಾಕಿರುತ್ತಾರೆ. ಮರಳುವಾಗ ಪ್ರತಿ ಸುತ್ತಿನ ಬಳಿ ನಿಂತು ದಿಕ್ಸೂಚಿಯ ಕೋನ, ಆಳ, ಗಂಟುಗಳ ಎಣಿಕೆಯನ್ನು ಕೈಗೆ ಕಟ್ಟಿದ ಹಲಗೆಯಲ್ಲಿ ಬರೆಯಬೇಕು. ದಿಕ್ಸೂಚಿಯನ್ನು ಉಕ್ಕಿನ ಸಿಲಿಂಡರಿಗೆ ಹತ್ತಿರ ತಂದರೆ ಸೂಜಿ ವಾಲಿ, ನಕ್ಷೆಯಲ್ಲಿ ಸುರಂಗವೇ ಪಕ್ಕದ ತೋಟಕ್ಕೆ ನುಗ್ಗುತ್ತದೆ. ಅನುಮಾನವಿದ್ದರೆ ಗುಹೆಯೊಳಗೆ ರೇಡಿಯೋ ಸುರುಳಿ ಇಟ್ಟು, ಮೇಲೆ ನೆಲದ ಮೇಲೆ ಆಂಟೆನಾ ಹಿಡಿದು ನಡೆದು, ಅದರ ನೇರ ಜಾಗ ಹುಡುಕುತ್ತಾರೆ. ಡೈವರ್ ಹೋಗಲಾಗದಲ್ಲಿ ನೀರಿಗೆ ಬೆರೆಸಿ ಬಿಟ್ಟ ಬಣ್ಣ ಹೋಗುತ್ತದೆ. ಟಲ್ಲಹಸ್ಸೀ ನಗರದ ಸಂಸ್ಕರಿಸಿದ ಕೊಳಚೆ ನೀರನ್ನು ಸಿಂಪಡಿಸುವ ಹೊಲಗಳಿಂದ ವಕಲ್ಲಾ ಒರತೆಗೆ ನೀರು ತಲುಪುತ್ತದೆಂದು ಸಾಬೀತಾದದ್ದು ಬಣ್ಣ ಬಿಟ್ಟೇ.

ಇನ್ನು ಉಗುಳುವುದು, ನುಂಗುವುದು ಎರಡನ್ನೂ ಮಾಡುವ ಮೂರನೆಯ ಜಾತಿ. ಸುವಾನಿಯಲ್ಲಿ ನೆರೆ ಬಂದು ಹೊಳೆಯ ಮಟ್ಟ ಅಂತರ್ಜಲದ ಮಟ್ಟವನ್ನು ಮೀರಿದರೆ, ನಿನ್ನೆಯವರೆಗೆ ತಿಳಿನೀರು ಉಗುಳುತ್ತಿದ್ದ ಒರತೆ ಡಿಕಾಕ್ಷನ್ ನೀರನ್ನು ನುಂಗತೊಡಗುತ್ತದೆ. ಆ ಆಮ್ಲೀಯ ನೀರು ಗೋಡೆಗಳನ್ನು ಇನ್ನಷ್ಟು ಕರಗಿಸುವುದರಿಂದ ಗುಹೆಗಳು ಬೆಳೆಯುವುದರಲ್ಲಿ ನೆರೆಗೂ ಪಾಲಿದೆ. ಅದಕ್ಕೇ ಹೊರಡುವ ಮುನ್ನ ನದಿ ಮಟ್ಟದ ಸರ್ಕಾರಿ ಅಂಕಿಗಳನ್ನು ನೋಡುತ್ತಾರೆ, ಇಂದಿನ ಅಂಕಿಯ ಜೊತೆಗೆ ಹಿಂದಿನ ಕೆಲವು ದಿನಗಳದನ್ನೂ. ನೆರೆ ಇಳಿದು ನೀರು ಮತ್ತೆ ತಿಳಿಯಾಗಲು ವಾರಗಳೇ ಬೇಕಾಗಬಹುದು. ಆಗಲೂ ಒಳಗಿನ ಹಳೆಯ ದಾರ ಮರಳಡಿ ಹೂತಿರುತ್ತದೆ, ಕಡಿದಿರುತ್ತದೆ, ಬಾಣಗಳು ಜಾರಿರುತ್ತವೆ. ನೂರು ಸಲ ಹೋಗಿ ಬಂದ ಗುಹೆಯಾದರೂ ಸರಿ, ಆ ದಿನ ದಾರದ ರೀಲನ್ನು ಮೊದಲ ಗಂಟಿನಿಂದ ಮತ್ತೆ ಬಿಡುತ್ತ ಹೋಗಬೇಕು.